ಹಂಡೆ ಒಲೆ, ಗಾಜಿನ ಗೋಡೆ ಮತ್ತು 60 ಸಾವಿರ ರೂಪಾಯಿ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಬಚ್ಚಲು ರಿಪೇರಿ ಬಗ್ಗೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಟಾಪಟಿ ಇದು. ನಡುವೆ ಬಂದ ಶುಭೋದಯದ ಹೂವುಗಳನ್ನೂ ಹೆಬ್ಬೆರಳುಗಳನ್ನೂ ತೆಗೆದಿದ್ದೇನೆ. ಅಜ್ಜಿ ಟೈಪ್ ಮಾಡುವುದಿಲ್ಲ, ವಾಯ್ಸ್ ಕಳಿಸುತ್ತಾರೆ. ಅದನ್ನು ನಾನೇ (ಮೊಮ್ಮಗಳು ಅನನ್ಯಾ) ಬರೆದಿದ್ದೇನೆ, ಬೈಗುಳ ಸ್ವಲ್ಪ ಕಡಿಮೆ ಮಾಡಿ.

*ರಘು ಚಿಕ್ಕಪ್ಪ:* (ವಿಡಿಯೊ: ‘ಬರೀ 40 ಸಾವಿರದಲ್ಲಿ ಹೋಟೆಲ್ ಥರ ಬಾತ್‌ರೂಮ್!’)

*ರಘು ಚಿಕ್ಕಪ್ಪ:* ಅಣ್ಣಾ, ಅತ್ತಿಗೆ, ಇದನ್ನು ಪೂರ್ತಿ ನೋಡಿ. ನಮ್ಮ ಬಚ್ಚಲಿಗೂ ಪಕ್ಕದ ಟಾಯ್ಲೆಟ್ಟಿಗೂ ನಡುವೆ ಇರುವ ಗೋಡೆ ಒಡೆದರೆ ಎರಡೂ ಸೇರಿ ಒಂದು ದೊಡ್ಡ ಬಾತ್‌ರೂಮ್ ಆಗುತ್ತದೆ. ಸ್ನಾನದ ಜಾಗಕ್ಕೆ ಗಾಜಿನ ಪಾರ್ಟಿಷನ್, ಗೋಡೆಗೆ ತೂಗುಹಾಕುವ ಕಮೋಡ್, ಕಪ್ಪು ಟೈಲ್ಸ್. ದಸರಾಗೆ ಬರುವ ನೆಂಟರು ಬಾಯಿ ಬಿಡಬೇಕು.

*ಅಮ್ಮ:* ದಸರಾಗೆ ಬರುವ ಹತ್ತು ಜನರಲ್ಲಿ ಒಬ್ಬರು ಸ್ನಾನಕ್ಕೆ ಹೋದರೆ ಉಳಿದ ಒಂಬತ್ತು ಜನ ಟಾಯ್ಲೆಟ್ಟಿಗೆ ಎಲ್ಲಿಗೆ ಹೋಗಬೇಕು ರಘು? ಅರಮನೆ ಮೈದಾನಕ್ಕಾ?

*ರಘು ಚಿಕ್ಕಪ್ಪ:* ಅತ್ತಿಗೆ, ವರ್ಷದಲ್ಲಿ ಹತ್ತು ದಿನದ ದಸರಾ ಬಿಡಿ.

*ಅಮ್ಮ:* ದಸರಾ ಬಿಟ್ಟೆ. ದಿನಾ ಬೆಳಿಗ್ಗೆ ಏಳರಿಂದ ಎಂಟೂವರೆ ಹೇಳುತ್ತೇನೆ. ಅನನ್ಯಾಗೆ ಕಾಲೇಜು, ಇವರಿಗೆ ಆಫೀಸು, ಅತ್ತೆಗೆ ಪೂಜೆಗೆ ಮುಂಚೆ ಸ್ನಾನ. ಈಗ ಒಬ್ಬರು ಬಚ್ಚಲಲ್ಲಿದ್ದರೆ ಇನ್ನೊಬ್ಬರು ಟಾಯ್ಲೆಟ್ಟಿಗೆ ಹೋಗಬಹುದು. ಗೋಡೆ ಒಡೆದರೆ ಎರಡು ಬಾಗಿಲು ಹೋಗಿ ಒಂದೇ ಚಿಲಕ. ಇದು ದೊಡ್ಡದಾಗುವುದಾ?

*ಮಂಜು ಮಾವ:* ಗೀತಾ ಹೇಳುವುದು ಸರಿ. ಇನ್ನೊಂದು ಲೆಕ್ಕ ಹೇಳುತ್ತೇನೆ ಕೇಳು ರಘು. ಆ ಗೋಡೆ ನಾಲ್ಕೂವರೆ ಇಂಚಿನದು. ಒಡೆದರೆ ನಿನಗೆ ನಿಜವಾಗಿ ಸಿಗುವ ಜಾಗ ನಾಲ್ಕೂವರೆ ಇಂಚು. ಉಳಿದದ್ದೆಲ್ಲ ಬರೀ ಕಣ್ಣಿಗೆ. ಅದೂ ಅಲ್ಲದೆ ಹಳೇ ಸಾಮಾನಿನ ಅಟ್ಟ ಆ ಗೋಡೆಯ ಮೇಲೇ ಕೂತಿದೆ. ಅದಕ್ಕೆ ಬೇರೆ ಆಧಾರ ಕೊಡದೆ ಒಡೆದರೆ ಹಿತ್ತಾಳೆ ಪಾತ್ರೆಗಳ ಸಮೇತ ತಲೆ ಮೇಲೆ ಬರುತ್ತದೆ.

(ಮಾವ, ಅಂದರೆ ಸುಮಾ ಅತ್ತೆಯ ಗಂಡ, ಎಂಜಿನಿಯರ್ ಆಗಿ ನಿವೃತ್ತರಾದವರು. ಈ ಗುಂಪಿನಲ್ಲಿ ಅವರಿಗೆ ಪೆನ್ಷನ್‌ಗಿಂತ ಜಾಸ್ತಿ ಕೆಲಸವಿದೆ.)

*ರಘು ಚಿಕ್ಕಪ್ಪ:* ಸರಿ ಭಾವ, ಗೋಡೆ ಇರಲಿ. ತೂಗುವ ಕಮೋಡ್? ಕೆಳಗೆ ನೆಲ ಪೂರ್ತಿ ಕಾಣುತ್ತದೆ, ಒರೆಸುವುದೂ ಸುಲಭ.

*ಮಂಜು ಮಾವ:* ಒರೆಸುವುದು ಸುಲಭ, ಒಪ್ಪಿದೆ. ಆದರೆ ಅದರ ಟ್ಯಾಂಕು ಗೋಡೆಯೊಳಗೆ ಅಡಗಬೇಕು. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಅದಕ್ಕೆ ಜಾಗವಿಲ್ಲ. ಕಬ್ಬಿಣದ ಫ್ರೇಮ್ ನಿಲ್ಲಿಸಿ ಮುಂದೆ ಇನ್ನೊಂದು ತೆಳುಗೋಡೆ ಕಟ್ಟಬೇಕು. ಮುಂದೆ ಉಳಿಸಿದ ಜಾಗ ಹಿಂದೆ ಹೋಯಿತು. ಇನ್ನು ಹೊರಹೋಗುವ ಪೈಪು: ನಮ್ಮದು ನೆಲದೊಳಗೆ ಇಳಿಯುತ್ತದೆ, ಅದಕ್ಕೆ ಗೋಡೆಯಿಂದ ಹೋಗಬೇಕು. ನೆಲ ಅಗೆದು ಲೈನ್ ಬದಲಿಸಬೇಕು. ವಿಡಿಯೊದ 40 ಸಾವಿರದಲ್ಲಿ ಇದು ಯಾವುದೂ ಇಲ್ಲ. ಒಡೆದ ಕಲ್ಲುಮಣ್ಣು ಸಾಗಿಸುವ ಟೆಂಪೊ ಬಾಡಿಗೆ ಕೂಡ ಇಲ್ಲ.

*ಅಪ್ಪ:* ಟಾಯ್ಲೆಟ್ ಮುಂದಿನ ವರ್ಷ ನೋಡೋಣ. ತಲಾ 20 ಅಂತ ಮೂರು ಜನರದ್ದು ಸೇರಿ 60 ಸಾವಿರ ಇದೆ. ಈಗ ಬಚ್ಚಲು ಮಾತ್ರ. 5 ಅಡಿ ಅಗಲ, 6 ಅಡಿ ಉದ್ದ. ಅಂದರೆ 30 ಚದರ ಅಡಿ. ಮೂಲೆಯ ಹಂಡೆ ಒಲೆ ಎರಡೂವರೆ ಅಡಿಗೆ ಎರಡೂವರೆ ಅಡಿ. ಐದರಲ್ಲಿ ಒಂದು ಭಾಗ ಅದೇ ತಿನ್ನುತ್ತಿದೆ. ಒಲೆ ತೆಗೆದರೆ ಸಾಕು, ಯಾವ ಗಾಜೂ ಬೇಡ.

*ಸುಮಾ ಅತ್ತೆ:* ಏನಂದೆ ಪ್ರಕಾಶ? ಹಂಡೆ ತೆಗೆಯುತ್ತೀಯಾ? ನಮ್ಮ ಅಪ್ಪ ತಾವೇ ನಿಂತು ಕಟ್ಟಿಸಿದ್ದು. ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಮಾಲೆ ಹಾಕಿ ಪೂಜೆ ಮಾಡುವುದು ಎಲ್ಲಿ? ಪ್ಲಾಸ್ಟಿಕ್ ಬಕೆಟ್ಟಿಗಾ?

*ಅಪ್ಪ:* ಅಕ್ಕಾ, ಸೋಲಾರ್ ಬಂದ ಮೇಲೆ ಅದರಲ್ಲಿ ಸೌದೆ ಉರಿಸಿದ್ದು ಯಾರು ಹೇಳು.

*ಸುಮಾ ಅತ್ತೆ:* ನರಕ ಚತುರ್ದಶಿ ಬೆಳಗಿನ ಜಾವ ಎಣ್ಣೆ ಸ್ನಾನಕ್ಕೆ ಹಂಡೆ ನೀರಿನ ಬಿಸಿಯೇ ಬೇರೆ. ಗ್ಯಾಸ್ಕೆಟ್ ಹೋದ ನಿಮ್ಮ ಸೋಲಾರ್‌ಗೆ ಅದು ಗೊತ್ತಾ?

*ಅಮ್ಮ:* ಸುಮಕ್ಕ, ಹಬ್ಬಕ್ಕೆ ನೀವು ಮಂಡ್ಯದಿಂದ ಬರುವುದು ಒಂದು ದಿನ. ಉಳಿದ ದಿನ ಆ ಒಲೆ ಹಿಂದೆ ಕೈ ಹಾಕಿ ಜಿರಲೆ ಹೊಡೆಯುವುದು ನಾನು.

ಇಲ್ಲಿ ಗುಂಪು ಒಂದು ಗಂಟೆ ಮೌನ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಇಡುತ್ತಿದ್ದಳು.

*ಅಜ್ಜಿ (ವಾಯ್ಸ್):* ಎಲ್ಲರೂ ಕೇಳಿ. ಸ್ನಾನ ಮಾಡುವವಳು ನಾನು, ನನ್ನನ್ನು ಯಾರೂ ಕೇಳಲಿಲ್ಲ. ಒಲೆ ಒಡೆಯಿರಿ. ಅದರ ಮೇಲೆ ಈಗ ಸೋಪಿನ ಪುಡಿ ಡಬ್ಬ, ತೂತು ಬಿದ್ದ ಚೊಂಬು, ಪ್ರಕಾಶನ ಹಳೇ ಬ್ರಷ್ಷು ಇವೆ. ಅದಕ್ಕೆ ಒಲೆ ಬೇಕಾ? ಹಂಡೆ ಮಾತ್ರ ಕೊಡಬೇಡಿ. ಹಿತ್ತಲ ನಲ್ಲಿ ಹತ್ತಿರ ಮೂರು ಕಲ್ಲು ಇಟ್ಟು ಕೂರಿಸಿ. ಹಬ್ಬದ ದಿನ ಅಲ್ಲೇ ನೀರು ಕಾಯಿಸಿಕೊಳ್ಳುತ್ತೇನೆ. ಒಡೆಯುವಾಗ ಹಂಡೆಗೆ ಸುತ್ತಿಗೆ ತಾಗಿಸಿದರೆ ಮೇಸ್ತ್ರಿಗೆ ಕಾಫಿ ಇಲ್ಲ.

*ಸುಮಾ ಅತ್ತೆ:* ಅಮ್ಮಾ, ನೀನೇ ಹೀಗಂದರೆ ನಾನೇನು ಹೇಳಲಿ.

*ಮಂಜು ಮಾವ:* ಒಲೆಯ ಹೊಗೆ ಹೋಗುವ ತೂತನ್ನು ಮುಚ್ಚಿಸಬೇಡಿ. ಹೊರಗೋಡೆ ಒಂಬತ್ತು ಇಂಚಿನದು, ಮೇಲ್ಗಡೆ ತೂತು ಈಗಾಗಲೇ ಇದೆ. ಅಲ್ಲೇ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಗೋಡೆ ಕೊರೆಯುವ ಕೂಲಿ ಉಳಿಯಿತು. ಅದೇ ದಪ್ಪ ಗೋಡೆಯಲ್ಲಿ ನಾಲ್ಕು ಇಂಚು ಆಳದ ಒಂದು ಗೂಡು ಮಾಡಿಸಿ. ಸೋಪು, ಶಾಂಪೂ, ಸೀಗೆಪುಡಿ ಎಲ್ಲ ಅದರೊಳಗೆ. ನೆಲದ ಮೇಲೆ, ಗೋಡೆಯಿಂದ ಹೊರಗೆ ಏನೂ ಚಾಚಿರಬಾರದು. ಸಣ್ಣ ಬಚ್ಚಲು ದೊಡ್ಡದಾಗಿ ಕಾಣುವುದು ಇದರಿಂದ, ದುಬಾರಿ ಸಾಮಾನಿನಿಂದ ಅಲ್ಲ.

*ರಘು ಚಿಕ್ಕಪ್ಪ:* ಗಾಜು ಹಾಕಿದರೆ ನೀರು ಇತ್ತ ಹಾರುವುದಿಲ್ಲ ಅಲ್ವಾ? ನೆಲ ಒಣಗಿರುತ್ತದೆ.

*ಸುಮಾ ಅತ್ತೆ:* ಇದರಲ್ಲಿ ನನ್ನ ಮಾತು ಕೇಳು. ನಮ್ಮ ಮಂಡ್ಯದ ಮನೆಯಲ್ಲಿ ಗಾಜು ಹಾಕಿಸಿದ್ದೇವೆ. ಬೋರ್ ನೀರು, ಗಡಸು. ಆರು ತಿಂಗಳಿಗೆ ಗಾಜೆಲ್ಲ ಬಿಳಿ ಚುಕ್ಕಿ. ದಿನಾ ಸ್ನಾನವಾದ ಮೇಲೆ ವೈಪರ್ ಎಳೆಯಬೇಕು. ನಿಮ್ಮ ಭಾವ ಒಂದು ದಿನ ಎಳೆದಿದ್ದರೆ ಕೇಳು.

*ಮಂಜು ಮಾವ:* ಎಳೆದಿದ್ದೇನೆ.

*ಸುಮಾ ಅತ್ತೆ:* ಅದೇ, ಆ ಒಂದು ದಿನ.

*ಅಮ್ಮ:* ನಮಗೂ ಕಾವೇರಿ ನೀರು ಬಾರದ ದಿನ ಬೋರ್ ನೀರೇ. ಕಪ್ಪು ಟೈಲ್ಸ್ ಹಾಕಿದರೆ ಉಪ್ಪಿನ ಕಲೆ ಗೋಡೆ ತುಂಬ ಕಾಣುತ್ತದೆ. ತಿಳಿ ಬಣ್ಣ ಹಾಕಿಸೋಣ. ಇನ್ನೊಂದು ವಿಷಯ. ಅತ್ತೆ ಸ್ಟೂಲ್ ಮೇಲೆ ಕೂತು, ಬಕೆಟ್ ಇಟ್ಟುಕೊಂಡು, ಚೊಂಬಿನಲ್ಲಿ ನೀರು ಹಾಕಿಕೊಳ್ಳುತ್ತಾರೆ. ಎಣ್ಣೆ ಸ್ನಾನದ ದಿನ ನಾನು ಪಕ್ಕದಲ್ಲಿ ನಿಂತು ಬೆನ್ನು ಉಜ್ಜಬೇಕು. ಎರಡೂವರೆ ಅಡಿ ಗಾಜಿನ ಗೂಡಿನಲ್ಲಿ ಸ್ಟೂಲು, ಬಕೆಟ್ಟು, ಅತ್ತೆ, ನಾನು. ಹೇಗೆ?

*ನಾನು:* ಚಿಕ್ಕಪ್ಪ, ನೀರು ಹಾರದ ಹಾಗೆ ಒಂದು ಕರ್ಟನ್ ಹಾಕಬಹುದು. ರಾಡ್ ಸೂರಿನ ಹತ್ತಿರ ಇದ್ದರೆ ಸೂರೂ ಎತ್ತರ ಕಾಣುತ್ತದೆ. ಅಜ್ಜಿ ಸ್ನಾನಕ್ಕೆ ಹೋದಾಗ ಪಕ್ಕಕ್ಕೆ ಸರಿಸಿದರಾಯಿತು.

*ಮಂಜು ಮಾವ:* ಮಗು ಸರಿಯಾಗಿ ಹೇಳಿತು. ಗಾಜಿನ ದುಡ್ಡಿನಲ್ಲಿ ಅಜ್ಜಿಗೆ ಸ್ಟೀಲಿನ ಹಿಡಿಕೆ ಹಾಕಿಸಿ. ಸೊಂಟದ ಎತ್ತರಕ್ಕೆ, ಇಟ್ಟಿಗೆಯೊಳಗೆ ಗಟ್ಟಿಯಾಗಿ ಹೋಗುವ ಬೋಲ್ಟ್ ಹಾಕಿ. ಟೈಲ್ಸಿಗೆ ಅಂಟಿಸುವ ಥರದ್ದು ಬೇಡ, ಭಾರ ಬಿದ್ದ ದಿನ ಕೈಗೆ ಬರುತ್ತದೆ.

*ಅಪ್ಪ:* ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿದರೆ ಒಡೆಯುವ ಖರ್ಚು ಉಳಿಯುತ್ತದೆ ಅಂತ ಮೇಸ್ತ್ರಿ ಹೇಳುತ್ತಾನೆ ಭಾವ.

*ಮಂಜು ಮಾವ:* ಗೋಡೆಗೆ ಆಗಬಹುದು. ಒಂದು ನಾಣ್ಯ ತೆಗೆದುಕೊಂಡು ಪ್ರತಿ ಟೈಲಿಗೂ ತಟ್ಟು. ಟೊಳ್ಳು ಶಬ್ದ ಬಂದದ್ದನ್ನು ಕಿತ್ತು ಹಾಕಲಿ, ಉಳಿದದ್ದರ ಮೇಲೆ ಟೈಲ್ಸ್ ಅಂಟು ಹಾಕಿ ಕೂರಿಸಲಿ. ನೆಲಕ್ಕೆ ಮಾತ್ರ ಒಪ್ಪಬೇಡ. ನೆಲ ಎತ್ತರವಾದರೆ ಬಾಗಿಲು ತಾಗುತ್ತದೆ, ನೀರು ಪ್ಯಾಸೇಜಿಗೆ ಬರುತ್ತದೆ. ಹೇಗೂ ನಮ್ಮದು ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಒಳಗೆಲ್ಲ ತುಕ್ಕು ಕಟ್ಟಿದೆ. ಅಗೆದು ಬಿಸಿನೀರಿಗೆ ಸಿಪಿವಿಸಿ, ಅಂದರೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು, ಹಾಕಿಸಿ. ಆಮೇಲೆ ವಾಟರ್‌ಪ್ರೂಫಿಂಗ್. ಅದು ಒಣಗಿದ ಮೇಲೆ ಒಂದು ದಿನ ಪೂರ್ತಿ ನೀರು ನಿಲ್ಲಿಸಿ ನೋಡದೆ ಟೈಲ್ಸ್ ಹಾಕಲು ಬಿಡಬೇಡ. ಮೇಸ್ತ್ರಿ ಅವಸರ ಮಾಡುತ್ತಾನೆ, ಮಾಡಲಿ.

*ರಘು ಚಿಕ್ಕಪ್ಪ:* ಟೈಲ್ಸಾದರೂ ದೊಡ್ಡದು ಹಾಕಿಸಿ. ಸಣ್ಣದು ಹಾಕಿದರೆ ಎಲ್ಲ ಕಡೆ ಗೆರೆ.

*ಮಂಜು ಮಾವ:* ಗೋಡೆಗೆ ಎರಡು ಅಡಿ ಒಂದು ಅಡಿ, ಅಡ್ಡಲಾಗಿ. ಗೆರೆ ಕಡಿಮೆ, ಸಂದಿಗೆ ಅದೇ ಬಣ್ಣದ ಗ್ರೌಟ್. ನೆಲಕ್ಕೆ ಒಂದು ಅಡಿ ಚೌಕ, ಅದೇ ಬಣ್ಣ, ಜಾರದ ಮ್ಯಾಟ್ ಫಿನಿಶ್. ನೆಲಕ್ಕೂ ದೊಡ್ಡದು ಹಾಕಿದರೆ ಜಾಲರಿ ಕಡೆಗೆ ಇಳಿಜಾರು ಕೊಡುವುದು ಕಷ್ಟ, ನೀರು ಅಲ್ಲಲ್ಲೇ ನಿಲ್ಲುತ್ತದೆ.

*ಅಪ್ಪ:* ಅಂಗಡಿಯಲ್ಲಿ ಉಳಿಕೆ ಬಾಕ್ಸ್ ಕಡಿಮೆಗೆ ಸಿಗುತ್ತಿದೆ. ಏಳು ಅಡಿ ಎತ್ತರಕ್ಕೆ, ನೆಲ ಸೇರಿ, ಕತ್ತರಿಸಿ ಹಾಳಾಗುವುದೂ ಸೇರಿ 185 ಚದರ ಅಡಿ ಬೇಕು. ಅಡಿಗೆ 48ರಂತೆ 9 ಸಾವಿರದೊಳಗೆ.

*ಮಂಜು ಮಾವ:* ಎಲ್ಲ ಬಾಕ್ಸ್ ಮೇಲೂ ಶೇಡ್ ನಂಬರ್ ಒಂದೇ ಇದೆಯಾ ನೋಡು. ಬೇರೆ ಆದರೆ ಗೋಡೆ ತೇಪೆ ಹಾಕಿದ ಹಾಗಿರುತ್ತದೆ. ಒಂದು ಬಾಕ್ಸ್ ಜಾಸ್ತಿ ತೆಗೆದು ಅಟ್ಟದಲ್ಲಿಡು.

*ಅಮ್ಮ:* ಬಾಗಿಲಿನ ವಿಷಯ ಯಾರೂ ಎತ್ತಲಿಲ್ಲ. ಅದು ಒಳಗೆ ತೆರೆಯುತ್ತದೆ. ಅರ್ಧ ಬಚ್ಚಲು ಬಾಗಿಲು ತಿರುಗುವುದಕ್ಕೇ ಬೇಕು. ಹೊರಗೆ ತೆರೆಯುವ ಹಾಗೆ ಮಾಡಿಸಿ.

*ಸುಮಾ ಅತ್ತೆ:* ಹೊರಗೆ ತೆರೆದರೆ ಊಟದ ಟೇಬಲ್ ಕಡೆ ಮುಖ. ಚೆನ್ನಾಗಿರಲ್ಲ ಗೀತಾ.

*ಮಂಜು ಮಾವ:* ಚೆನ್ನಾಗಿರುವುದು ಬಿಡು. ಅಜ್ಜಿ ಒಳಗೆ ಜಾರಿ ಬಾಗಿಲಿಗೆ ಅಡ್ಡ ಬಿದ್ದರೆ ಒಳಗೆ ತೆರೆಯುವ ಬಾಗಿಲನ್ನು ನೂಕುವುದು ಹೇಗೆ? ಹೊರಗೇ ತೆರೆಯಲಿ. ಹಿಂಜನ್ನು ಎಡಗಡೆಗೆ ಹಾಕಿದರೆ ಗೋಡೆಗೆ ಒರಗುತ್ತದೆ, ಕುರ್ಚಿಗೆ ಬಡಿಯುವುದಿಲ್ಲ.

ಇದಕ್ಕೆ ಸುಮಾ ಅತ್ತೆ ಏನೂ ಬರೆಯಲಿಲ್ಲ. ನನ್ನ ಪ್ರಕಾರ ಇಡೀ ಜಗಳದಲ್ಲಿ ಕೆಲಸಕ್ಕೆ ಬಂದ ಮಾತು ಇದೊಂದೇ. ಅದನ್ನು ಎತ್ತಿದ್ದು ಅಮ್ಮ, ಹೆಸರು ಹೋದದ್ದು ಮಾವನಿಗೆ.

*ಅಪ್ಪ:* ಮೇಸ್ತ್ರಿ ಲೆಕ್ಕ ಕೊಟ್ಟ. ಒಡೆದು ಸಾಗಿಸಲು 7, ಪೈಪು 9, ವಾಟರ್‌ಪ್ರೂಫ್ 5, ಟೈಲ್ಸ್ 9, ಸಿಮೆಂಟು ಮರಳು ಅಂಟು 5, ಕೂಲಿ 9, ನಲ್ಲಿ ಶವರ್ ಹಿಡಿಕೆ 6, ಬಾಗಿಲು 5, ಲೈಟು ಫ್ಯಾನು 3. ಒಟ್ಟು 58 ಸಾವಿರ. ಏಳು ಅಡಿ ಮೇಲೆ ಬಿಳಿ ಪೇಂಟ್ ನಾನೇ ಹೊಡೆಯುತ್ತೇನೆ.

*ರಘು ಚಿಕ್ಕಪ್ಪ:* ಗೋಡೆ ಬೇಡ, ಗಾಜು ಬೇಡ, ಕಪ್ಪು ಬೇಡ. ನನ್ನ 20 ಸಾವಿರ ಮಾತ್ರ ಬೇಕು. ಕೊನೆಗೆ ಆ ಹಂಡೆಯನ್ನಾದರೂ ಕೊಡಿ, ಬೆಂಗಳೂರಿನ ಬಾಲ್ಕನಿಯಲ್ಲಿ ಗಿಡ ಹಾಕುತ್ತೇನೆ.

*ಅಜ್ಜಿ (ವಾಯ್ಸ್):* ಹಂಡೆಯಲ್ಲಿ ಗಿಡ ಹಾಕುತ್ತಾನಂತೆ. ತಲೆ ಕೆಟ್ಟಿದೆಯಾ ಇವನಿಗೆ?

*ಸುಮಾ ಅತ್ತೆ:* ಆಷಾಢ ಕಳೆಯಲಿ, ಆಮೇಲೆ ಶುರು ಮಾಡಿ.

*ಮಂಜು ಮಾವ:* ಬಚ್ಚಲು ಒಡೆಯಲು ಮುಹೂರ್ತವಾ?

*ಅಮ್ಮ:* ಮುಹೂರ್ತಕ್ಕಲ್ಲ ಮಂಜಣ್ಣ. ಆಷಾಢ ಶುಕ್ರವಾರ ಬೆಳಗಿನ ಜಾವ ಎದ್ದು ಚಾಮುಂಡಿ ಬೆಟ್ಟಕ್ಕೆ ಹೋಗಬೇಕು. ಸ್ನಾನಕ್ಕೆ ಜಾಗವಿಲ್ಲದಿದ್ದರೆ? ಶ್ರಾವಣದಲ್ಲೇ ಮಾಡಿಸೋಣ, ದಸರಾಗೆ ಮುಂಚೆ ಮುಗಿಯುತ್ತದೆ. ಆ ಎರಡು ವಾರ ನಾವು ಮೇಲಿನ ಬಾಡಿಗೆಯವರ ಬಚ್ಚಲು ಕೇಳಿಕೊಳ್ಳುತ್ತೇವೆ. ಅತ್ತೆಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ.

*ಸುಮಾ ಅತ್ತೆ:* ಅಮ್ಮ ನಮ್ಮ ಮನೆಗೆ ಬರಲಿ. ಬಸ್ ಬೇಡ, ನಾವೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ.

*ಅಜ್ಜಿ (ವಾಯ್ಸ್):* ಮಂಡ್ಯಕ್ಕೆ ಬರುತ್ತೇನೆ. ಆದರೆ ಸುಮಾ, ನಿನ್ನ ಆ ಗಾಜಿನ ಡಬ್ಬಿಯೊಳಗೆ ನಾನು ಸ್ನಾನ ಮಾಡುವುದಿಲ್ಲ. ಬಕೆಟ್ಟು, ಸ್ಟೂಲು ಎರಡೂ ಈಚೆಗಿಡು. ನೆಲ ಒದ್ದೆಯಾಯಿತು ಅಂತ ಅಳಿಯಂದಿರು ಗೊಣಗಬಾರದು, ಈಗಲೇ ಹೇಳಿರು.