ಅಡಿಕೆ ಧಾರಣೆಯ ಆ್ಯಪ್ ಕನ್ನಡದ ಸಂದೇಶಕ್ಕೆ ಏಕೆ ಉತ್ತರಿಸುತ್ತಿಲ್ಲ?

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯರು):

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ಅಡಿಕೆ ಬೆಳೆಗಾರರ ಸಣ್ಣ ಸಂಘವೊಂದಕ್ಕಾಗಿ, ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆಯನ್ನು ಪ್ರತಿದಿನ ಸಂಜೆ ಸಂಘದ ಫೇಸ್‌ಬುಕ್ ಪೇಜ್‌ಗೆ ತಾನಾಗಿಯೇ ಹಾಕುವ ಆ್ಯಪ್ ಒಂದನ್ನು ಗ್ರಾಫ್ ಎಪಿಐ (ಬೇರೆ ಪ್ರೋಗ್ರಾಮ್‌ಗಳು ಫೇಸ್‌ಬುಕ್ ಜೊತೆ ವ್ಯವಹರಿಸುವ ದಾರಿ) ಬಳಸಿ ನೋಡ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಬರೆದಿದ್ದೇನೆ. ಪೇಜ್‌ನ ಇನ್‌ಬಾಕ್ಸ್‌ಗೆ ಯಾರಾದರೂ ಅಡಿಕೆಯ ಬಗೆಯ ಹೆಸರನ್ನು ಬರೆದು ಕಳುಹಿಸಿದರೆ ಆ ದಿನದ ದರ ಉತ್ತರವಾಗಿ ಹೋಗಬೇಕೆಂಬುದೂ ಉದ್ದೇಶ. ಎರಡು ತಿಂಗಳು ಪ್ರಯೋಗವಾಗಿ ನಡೆಸಿದ ಮೇಲೆ ಮೂರು ತೊಂದರೆಗಳು ಕಂಡಿವೆ. ಪೋಸ್ಟ್‌ಗಳು ನನಗೂ ಕಾರ್ಯದರ್ಶಿಯವರಿಗೂ ಕಾಣುತ್ತವೆ, ಉಳಿದ ಸದಸ್ಯರಿಗೆ ಕಾಣುವುದಿಲ್ಲ. ಕಳೆದ ವಾರದಿಂದ ಪೋಸ್ಟ್ ಹೋಗುವುದೇ ನಿಂತಿದ್ದು, 190 ಎಂಬ ದೋಷಸಂಖ್ಯೆಯೂ 463 ಎಂಬ ಉಪಸಂಖ್ಯೆಯೂ ಬರುತ್ತಿವೆ. ಇನ್‌ಬಾಕ್ಸ್‌ನದು ಇನ್ನೂ ವಿಚಿತ್ರ: ಪರೀಕ್ಷಕರಾಗಿ ಸೇರಿಸಿಕೊಂಡಿರುವ ನನ್ನ ಭಾವ ಇಂಗ್ಲಿಷ್ ಅಕ್ಷರಗಳಲ್ಲಿ ರಾಶಿ ಎಂದು ಬರೆದರೆ ಉತ್ತರ ಹೋಗುತ್ತದೆ, ಕನ್ನಡದಲ್ಲಿ ಬರೆದರೆ ವೆಬ್‌ಹುಕ್‌ನ (ಸಂದೇಶ ಬಂದಾಗ ಫೇಸ್‌ಬುಕ್ ನನ್ನ ಸರ್ವರ್‌ಗೆ ಕಳುಹಿಸುವ ಸೂಚನೆಯ) ಸಹಿ ತಾಳೆಯಾಗುತ್ತಿಲ್ಲವೆಂದು ನನ್ನ ಸರ್ವರೇ ಸಂದೇಶವನ್ನು ತಿರಸ್ಕರಿಸುತ್ತದೆ. ದೋಷದ ಚಿತ್ರವನ್ನು ಜೊತೆಗೆ ಹಾಕಿದ್ದೇನೆ.

ಉತ್ತರ:

ಮೊದಲು ಆ ಚಿತ್ರವನ್ನು ತೆಗೆದುಹಾಕಿ. ಅದರಲ್ಲಿ ನಿಮ್ಮ ಟೋಕನ್, ಅಂದರೆ ಫೇಸ್‌ಬುಕ್‌ನಲ್ಲಿ ಕೆಲಸ ಮಾಡಲು ಆ್ಯಪ್‌ಗೆ ಅನುಮತಿ ಕೊಡುವ ಗುಪ್ತ ಸಂಕೇತ, ಪೂರ್ತಿಯಾಗಿ ಕಾಣುತ್ತಿದೆ. ಅದರ ಅವಧಿ ಮುಗಿದಿದೆ ಎಂಬುದು ಈ ಸಲದ ಅದೃಷ್ಟ, ಅಷ್ಟೆ.

ಮೂರನೆಯ ತೊಂದರೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷಿಸುವವರಿಗೆ ಇದು ಎದುರಾಗುವುದೇ ಅಪರೂಪ. ಫೇಸ್‌ಬುಕ್ ನಿಮ್ಮ ಸರ್ವರ್‌ಗೆ ಕಳುಹಿಸುವ ಪ್ರತಿ ವೆಬ್‌ಹುಕ್‌ನ ಜೊತೆಗೆ, ಆ್ಯಪ್‌ನ ರಹಸ್ಯ ಕೀಲಿಯನ್ನು ಬಳಸಿ ಶಾ-256 ವಿಧಾನದಲ್ಲಿ ಲೆಕ್ಕ ಹಾಕಿದ ಸಹಿಯೊಂದನ್ನು ಎಕ್ಸ್-ಹಬ್-ಸಿಗ್ನೇಚರ್-256 ಎಂಬ ಹೆಡರ್‌ನಲ್ಲಿ ಇರಿಸುತ್ತದೆ. ಈ ಲೆಕ್ಕ ನಡೆಯುವುದು ಸಂದೇಶದ ಅರ್ಥದ ಮೇಲಲ್ಲ, ಅದರ ಬೈಟ್‌ಗಳ ಮೇಲೆ. ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಫೇಸ್‌ಬುಕ್ ಹಾಗೆಯೇ ಕಳುಹಿಸದೆ, ಹಿಂದಕ್ಕೆ ವಾಲಿದ ಓರೆಗೆರೆ, ಅನಂತರ ಯು ಅಕ್ಷರ, ಅನಂತರ ಯೂನಿಕೋಡ್‌ನ ನಾಲ್ಕಂಕಿಯ ಸಂಕೇತ, ಹೀಗೆ ಆರು ಬೈಟ್‌ಗಳ ರೂಪಕ್ಕೆ ತಿರುಗಿಸಿ, ಆ ರೂಪದ ಮೇಲೆಯೇ ಸಹಿ ಮಾಡುತ್ತದೆ. ರಾಶಿ ಎಂಬ ಪದದಲ್ಲಿ ರ, ದೀರ್ಘದ ಚಿಹ್ನೆ, ಶ, ಗುಡಿಸು ಎಂದು ಯೂನಿಕೋಡ್‌ನ ನಾಲ್ಕು ಸಂಕೇತಗಳಿರುವುದರಿಂದ, ಅದು ನಿಮ್ಮ ಸರ್ವರ್‌ಗೆ ಬಂದಾಗ 24 ಬೈಟ್ ಇರುತ್ತದೆ. ನೀವು ಬಹುಶಃ ಜೇಸನ್ ಎಂಬ ಪಠ್ಯರೂಪದಲ್ಲಿ ಬರುವ ಆ ಸಂದೇಶವನ್ನು ಬಿಡಿಸಿ ಓದಿ, ಮತ್ತೆ ಪಠ್ಯವಾಗಿ ಕಟ್ಟಿ, ಅದರ ಮೇಲೆ ಸಹಿಯನ್ನು ಲೆಕ್ಕ ಹಾಕುತ್ತಿದ್ದೀರಿ. ನೋಡ್ ಮರಳಿ ಕಟ್ಟುವಾಗ ಕನ್ನಡವನ್ನು ಕನ್ನಡವಾಗಿಯೇ ಬರೆಯುವುದರಿಂದ ಅದೇ ಪದ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ 12 ಬೈಟ್ ಆಗುತ್ತದೆ. ಒಂದು ಬೈಟ್ ಬದಲಾದರೂ ಸಹಿ ಪೂರ್ತಿ ಬೇರೆಯಾಗುತ್ತದೆ. ಇಂಗ್ಲಿಷ್ ಅಕ್ಷರಗಳು ಎರಡೂ ರೂಪಗಳಲ್ಲಿ ಒಂದೇ ಆಗಿರುವುದರಿಂದ ನಿಮ್ಮ ತಪ್ಪು ಇಷ್ಟು ದಿನ ಮರೆಯಲ್ಲಿತ್ತು.

ಪರಿಹಾರ ಸರಳವಾಗಿದೆ. ನೀವು ನೋಡ್‌ನ ಎಕ್ಸ್‌ಪ್ರೆಸ್ ಎಂಬ ಚೌಕಟ್ಟನ್ನು ಬಳಸುತ್ತಿದ್ದರೆ, ಅದರ ಜೇಸನ್ ಓದುವ ಭಾಗಕ್ಕೆ ವೆರಿಫೈ ಎಂಬ ಆಯ್ಕೆಯಿದ್ದು, ಅಲ್ಲಿ ಬಂದ ಬೈಟ್‌ಗಳು ಇದ್ದ ಹಾಗೆಯೇ ಕೈಗೆ ಸಿಗುತ್ತವೆ. ಸಹಿಯನ್ನು ಅವುಗಳ ಮೇಲೆ ಪರೀಕ್ಷಿಸಿದ ಅನಂತರವೇ ಜೇಸನ್ ಬಿಡಿಸಿ. ಸಹಿ ಪರೀಕ್ಷೆಯನ್ನೇ ತೆಗೆದುಹಾಕಿ ಎಂದು ಸಲಹೆ ಕೊಡುವವರ ಮಾತನ್ನು ಮಾತ್ರ ಕೇಳಬೇಡಿ.

190 ಎಂದರೆ ಟೋಕನ್ ನಡೆಯುವುದಿಲ್ಲ ಎಂದು. ಏಕೆ ಎಂಬುದನ್ನು ಹೇಳುವುದು ಉಪಸಂಖ್ಯೆ. 463 ಎಂದರೆ ಅವಧಿ ಮುಗಿದಿದೆ, 460 ಎಂದರೆ ಖಾತೆಯ ಪಾಸ್‌ವರ್ಡ್ ಬದಲಾಗಿದೆ. ಲಾಗಿನ್ ಆದ ಕೂಡಲೇ ಸಿಗುವ ಬಳಕೆದಾರರ ಟೋಕನ್ ಒಂದೆರಡು ಗಂಟೆ ಬಾಳುತ್ತದೆ, ಅದನ್ನು ಕೊಟ್ಟು ಪಡೆಯುವ ದೀರ್ಘಾವಧಿಯ ಟೋಕನ್ ಸುಮಾರು 60 ದಿನ ಬಾಳುತ್ತದೆ. ನಿಮ್ಮ ಆ್ಯಪ್ ಎರಡು ತಿಂಗಳಿಗೆ ನಿಂತಿರುವುದನ್ನು ನೋಡಿದರೆ, ಈ ಎರಡನೆಯದನ್ನು ಉಳಿಸಿಕೊಂಡು ಪ್ರತಿ ಸಂಜೆ ಅದರಿಂದ ಪೇಜ್‌ನ ಟೋಕನ್ ಕೇಳುತ್ತಿದ್ದೀರಿ ಎಂದು ತೋರುತ್ತದೆ. ದೀರ್ಘಾವಧಿಯ ಟೋಕನ್‌ನಿಂದ ಒಮ್ಮೆ ಪಡೆದ ಪೇಜ್ ಟೋಕನ್‌ಗೆ ಮುಕ್ತಾಯದ ದಿನಾಂಕವಿರುವುದಿಲ್ಲವಾದ್ದರಿಂದ ಅದನ್ನೇ ಭದ್ರವಾಗಿ ಇರಿಸಿಕೊಳ್ಳಿ. ಫೇಸ್‌ಬುಕ್‌ನ ಟೋಕನ್ ಡಿಬಗ್ಗರ್ ಎಂಬ ಪುಟದಲ್ಲಿ ಹಾಕಿ ನೋಡಿದರೆ ಅವಧಿ ತಿಳಿಯುತ್ತದೆ. ಟೋಕನ್ ಕಾರ್ಯದರ್ಶಿಯವರ ಖಾತೆಯಿಂದ ಪಡೆದದ್ದಾಗಿದ್ದು, ಅವರು ಪಾಸ್‌ವರ್ಡ್ ಬದಲಿಸಿದರೆ ಅದೂ ಸತ್ತುಹೋಗುತ್ತದೆ; ಸಂಘದಲ್ಲಿ ಪದಾಧಿಕಾರಿಗಳು ಬದಲಾಗುವುದು ಸಹಜವಾದ್ದರಿಂದ, ಮುಂದೆ ಫೇಸ್‌ಬುಕ್‌ನ ಬಿಸಿನೆಸ್ ಮ್ಯಾನೇಜರ್‌ನಲ್ಲಿ, ಯಾವ ವ್ಯಕ್ತಿಗೂ ಸೇರದ ಸಿಸ್ಟಮ್ ಯೂಸರ್ ಒಂದನ್ನು ಮಾಡಿಕೊಂಡು ಅದರ ಟೋಕನ್ ಬಳಸುವುದು ಮೇಲು.

ಇನ್ನು ಪೋಸ್ಟ್ ಕಾಣದಿರುವ ವಿಷಯ. ಆ್ಯಪ್ ಡೆವಲಪ್‌ಮೆಂಟ್ ಮೋಡ್‌ನಲ್ಲಿ (ಪ್ರಯೋಗದ ಸ್ಥಿತಿಯಲ್ಲಿ) ಇದ್ದಾಗ ಹಾಕಿದ ಪೋಸ್ಟ್‌ಗಳು ಆ್ಯಪ್‌ನಲ್ಲಿ ನಿರ್ವಾಹಕ, ಪರೀಕ್ಷಕ ಮುಂತಾದ ಪಾತ್ರವಿರುವವರಿಗೆ ಮಾತ್ರ ಕಾಣುತ್ತವೆ. ಖಾಸಗಿತನದ ನೀತಿಯ ಪುಟವೊಂದರ ವಿಳಾಸವನ್ನು ಕೊಟ್ಟು ಲೈವ್ ಮೋಡ್‌ಗೆ ತನ್ನಿ. ಆದರೆ ಪಾತ್ರವಿಲ್ಲದ ರೈತರ ಇನ್‌ಬಾಕ್ಸ್ ಸಂದೇಶಗಳಿಗೆ ಉತ್ತರಿಸಲು ಪೇಜಸ್ ಮೆಸೇಜಿಂಗ್ ಅನುಮತಿಗೆ ಆ್ಯಪ್ ರಿವ್ಯೂ (ಫೇಸ್‌ಬುಕ್‌ನವರ ಪರಿಶೀಲನೆ) ಆಗಲೇಬೇಕು.

ಪ್ರಶ್ನೆ (ಹೊಸನಗರದ ಸದಸ್ಯರು):

ನಾನೂ ಇಂತಹದೇ ಒಂದನ್ನು ಮಾಡಿದ್ದೇನೆ ಸರ್. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಮತ್ತು ನೆಟ್‌ವರ್ಕ್ ಎರಡೂ ಹೋಗಿ ಬಂದು ಮಾಡುವುದರಿಂದ, ಮನೆಯ ಕಂಪ್ಯೂಟರ್‌ನಿಂದ ಒಂದೇ ಪೋಸ್ಟ್ ಎರಡೆರಡು ಸಲ ಹೋಗುತ್ತಿದೆ. ಜೊತೆಗೆ ನಮ್ಮೂರಿನ ಫೇಸ್‌ಬುಕ್ ಗ್ರೂಪ್‌ಗೂ ಹಾಕಬಹುದೇ?

ಉತ್ತರ:

ಗ್ರೂಪ್‌ಗೆ ಆಗುವುದಿಲ್ಲ. ಗ್ರೂಪ್ಸ್ ಎಪಿಐಯನ್ನು 2024ರ ಏಪ್ರಿಲ್ 22ರಿಂದ ಎಲ್ಲ ಆವೃತ್ತಿಗಳಿಂದಲೂ ತೆಗೆದುಹಾಕಿದ್ದಾರೆ. ಅದಕ್ಕಿಂತ ಹಳೆಯ ಪಾಠಗಳನ್ನು ನೋಡಿಕೊಂಡು ಕೋಡ್ ಬರೆದು ಸಮಯ ಕಳೆಯಬೇಡಿ. ಪೋಸ್ಟ್ ಎರಡಾಗುವುದಕ್ಕೆ ಕಾರಣ, ನಿಮ್ಮ ವಿನಂತಿ ಅಲ್ಲಿಗೆ ತಲುಪಿ ಪೋಸ್ಟ್ ಪ್ರಕಟವಾಗಿದ್ದರೂ ಅದರ ಉತ್ತರ ನಿಮಗೆ ತಲುಪುವಷ್ಟರಲ್ಲಿ ಸಂಪರ್ಕ ಕಡಿದಿರುವುದು. ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದು ತಿಳಿಯಬಾರದು. ಮರುಪ್ರಯತ್ನಕ್ಕೆ ಮೊದಲು ಪೇಜ್‌ನ ಇತ್ತೀಚಿನ ಪೋಸ್ಟ್‌ಗಳನ್ನು ಓದಿ, ಆ ದಿನಾಂಕದ ಧಾರಣೆ ಈಗಾಗಲೇ ಇದೆಯೇ ಎಂದು ನೋಡಿದರೆ ಸಾಕು.

ತೀರ್ಥಹಳ್ಳಿಯ ಸದಸ್ಯರು:

ಬಹಳ ಉಪಕಾರವಾಯಿತು ಸರ್. ಚಿತ್ರ ತೆಗೆದಿದ್ದೇನೆ, ಸಹಿಯೂ ಸರಿಯಾಯಿತು. ಈಗ ರಾಶಿ, ಬೆಟ್ಟೆ, ಸರಕು ಮೂರಕ್ಕೂ ಕನ್ನಡದಲ್ಲಿಯೇ ಉತ್ತರ ಹೋಗುತ್ತಿದೆ. ಆದರೆ ಭಾವನ ಫೋನ್‌ನಿಂದ ಗೊರಬಲು ಎಂದು ಬಂದರೆ ಮಾತ್ರ ಅಂತಹ ಹೆಸರಿಲ್ಲ ಎನ್ನುತ್ತದೆ. ನನ್ನ ಫೋನ್‌ನಿಂದ ಕಳುಹಿಸಿದರೆ ಸಿಗುತ್ತದೆ. ಕಣ್ಣಿಗೆ ಎರಡೂ ಒಂದೇ ಆಗಿವೆ.

ಉತ್ತರ:

ಕಣ್ಣಿಗೆ ಒಂದೇ, ಬೈಟ್‌ಗಳಲ್ಲಿ ಬೇರೆ ಇರಬೇಕು. ನಿಮ್ಮ ನಾಲ್ಕು ಹೆಸರುಗಳ ಪೈಕಿ ಒಕಾರ ಇರುವುದು ಗೊರಬಲುವಿನಲ್ಲಿ ಮಾತ್ರ ಎಂಬುದನ್ನು ಗಮನಿಸಿ. ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಭಾವನವರ ಕೀಲಿಮಣೆ ಎರಡನೆಯ ರೀತಿಯಲ್ಲಿ ಬರೆಯುತ್ತಿರಬಹುದು. ಬಂದ ಸಂದೇಶವನ್ನೂ ನಿಮ್ಮ ಪಟ್ಟಿಯ ಹೆಸರುಗಳನ್ನೂ ಹೋಲಿಸುವ ಮೊದಲು ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಎಂಬ ವಿಧಾನದಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂತಹ ಜೋಡಿಯನ್ನು ಒಂದೇ ಸಂಕೇತವಾಗಿ ಬರೆಯುವ ರೂಪಕ್ಕೆ, ತಂದುಕೊಳ್ಳಿ. ಇದನ್ನು ಸಹಿಯ ಪರೀಕ್ಷೆ ಮುಗಿದ ಮೇಲೆ ಮಾಡಬೇಕೇ ಹೊರತು ಅದಕ್ಕೆ ಮೊದಲಲ್ಲ. ಮೊದಲೇ ಮಾಡಿದರೆ ಮತ್ತೆ ಸಹಿಯ ತೊಂದರೆಗೇ ಮರಳುತ್ತೀರಿ.