14 ವರ್ಷದೊಳಗಿನ ಹುಡುಗಿಯರಿಗೆ ಸೆಟ್ ಪ್ಲೇ ಕಲಿಸಬೇಕಾ?

ಮಂಡ್ಯ ಪಿಟಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ ನಾನು. 14 ವರ್ಷದೊಳಗಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುತ್ತಿದ್ದೇನೆ. ಸಿಮೆಂಟ್ ಕೋರ್ಟ್, ಎರಡು ರಿಂಗ್‌ನಲ್ಲಿ ಒಂದು ಮಾತ್ರ ಸರಿಯಿದೆ. ಇಪ್ಪತ್ತರ ಹತ್ತಿರ ಮಕ್ಕಳು ಬರುತ್ತಾರೆ. ಸಂಜೆ ಒಂದೂವರೆ ಗಂಟೆ ಸಿಗುತ್ತದೆ, ಆಮೇಲೆ ಊರಿನ ಬಸ್ ಹಿಡಿಯಬೇಕು. ಜಿಲ್ಲಾ ಮಟ್ಟದ ಪಂದ್ಯಕ್ಕೆ ಇನ್ನು ಆರೇಳು ವಾರ ಇದೆ. ಈಚೆಗೆ ಮೈಸೂರಿನಲ್ಲಿ ಕೋಚ್‌ಗಳ ಶಿಬಿರಕ್ಕೆ ಹೋಗಿದ್ದೆ, ಅಲ್ಲಿ ಹಾರ್ನ್ಸ್, ಫ್ಲೆಕ್ಸ್, ಬಾಕ್ಸ್, ಸ್ಟ್ಯಾಕ್ ಅಂತ ಒಂದು ಕಟ್ಟು ಸೆಟ್ ಪ್ಲೇ (ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಗೆ ಓಡಬೇಕು ಅಂತ ಮೊದಲೇ ಗೊತ್ತುಮಾಡಿದ ಆಟ) ಜೆರಾಕ್ಸ್ ಮಾಡಿ ಕೊಟ್ಟರು. ಬಾಣದ ಗುರುತು ಹಾಕಿದ ಚಿತ್ರಗಳು. ಇವನ್ನು ಈಗಲೇ ಕಲಿಸಲಾ, ಅಥವಾ ಬರೀ ಬೇಸಿಕ್ಸ್ ಮಾಡಿಸಲಾ? ಇರೋ ಸಮಯ ಹಾಳಾಗಬಾರದು, ಅಷ್ಟೇ ನನ್ನ ಚಿಂತೆ.

ಕುವೆಂಪುನಗರ ಬೆಳಗಿನ ಬ್ಯಾಚ್:
ಸರ್, ಆ ಕಟ್ಟು ಸದ್ಯಕ್ಕೆ ಎತ್ತಿಡಿ. ಹಾರ್ನ್ಸ್ ಅನ್ನೇ ತಗೊಳ್ಳಿ. ಇಬ್ಬರು ಎಲ್ಬೋನಲ್ಲಿ (ಫ್ರೀ ಥ್ರೋ ಗೆರೆಯ ಎರಡು ತುದಿ), ಇಬ್ಬರು ಮೂಲೆಯಲ್ಲಿ, ಒಬ್ಬಳು ಮೇಲೆ ಬಾಲ್ ಹಿಡಿದು ನಿಲ್ತಾಳೆ. ಚಿತ್ರದಲ್ಲಿ ಚೆನ್ನಾಗಿದೆ. ಆದರೆ ಮೂಲೆಯಲ್ಲಿರೋಳು ಶಾಟ್ ಹಾಕ್ತಾಳೆ ಅನ್ನೋ ಭಯ ಇದ್ದರೆ ತಾನೇ ಅವಳ ಡಿಫೆಂಡರ್ ಅಲ್ಲಿಗೆ ಬರೋದು? ಮೂರು ಪಾಯಿಂಟಿನ ಗೆರೆ ಮೇಲ್ಗಡೆ 6.75 ಮೀಟರ್, ಮೂಲೆಯಲ್ಲಿ ಅದಕ್ಕಿಂತ ಸ್ವಲ್ಪ ಹತ್ತಿರ. ಹದಿಮೂರು ವರ್ಷದ ಹುಡುಗಿ ಅಲ್ಲಿಂದ ಎಸೆದರೆ ಎಷ್ಟೋ ಸಲ ರಿಂಗ್ ಕೂಡ ಮುಟ್ಟಲ್ಲ. ಹಾಗಾಗಿ ಎದುರಾಳಿಗಳು ಐದೂ ಜನ ಪೇಂಟ್ (ರಿಂಗ್ ಮುಂದಿನ ಆಯತ) ಒಳಗೇ ನಿಲ್ತಾರೆ, ನಿಮ್ಮ ಹಾರ್ನ್ಸ್ ಅಲ್ಲೇ ಮುಗೀತು. ಸ್ಕ್ರೀನ್ (ಜೊತೆಯವಳು ಡಿಫೆಂಡರ್‌ಗೆ ಅಡ್ಡ ನಿಲ್ಲೋದು) ಬಳಸಿ ಬರೋಕೆ ತಲೆ ಎತ್ತಿ ಎಡಗೈಯಲ್ಲೂ ಡ್ರಿಬಲ್ ಮಾಡಬೇಕು, ಅದು ಮೊದಲು ಬರಲಿ.

ನಾನಾದರೆ ಒಂದೇ ರಿಂಗ್‌ನಲ್ಲಿ ಮೂರು-ಮೂರು ಜನರ ಆಟ ಆಡಿಸುತ್ತೇನೆ, ಡ್ರಿಬಲ್ ಇಲ್ಲದೆ. ಪಾಸ್ ಕೊಟ್ಟವಳು ನಿಂತ ಜಾಗದಲ್ಲೇ ಇರುವಂತಿಲ್ಲ, ರಿಂಗ್ ಕಡೆಗೆ ಕಟ್ ಮಾಡಲೇಬೇಕು, ಅಂದರೆ ತಟ್ಟನೆ ಓಡಬೇಕು. ಕಟ್ ಮಾಡಿ ಬಂದು ಹಾಕಿದ ಲೇಅಪ್‌ಗೆ (ರಿಂಗ್ ಹತ್ತಿರ ಓಡಿ ಬಂದು ಹಾಕೋ ಶಾಟ್) ಎರಡು ಪಾಯಿಂಟ್, ಬೇರೆ ಯಾವ ಶಾಟಿಗೂ ಒಂದೇ. ಗೆದ್ದವರು ಉಳೀತಾರೆ, ಸೋತವರು ಹೊರಗೆ. ಮೊದಲೆರಡು ದಿನ ಬರೀ ಗಲಾಟೆ ಇರುತ್ತದೆ, ಬಾಲ್ ಬೀದಿಗೆ ಹೋಗುತ್ತದೆ. ಬಿಡಿ, ಹೋಗಲಿ. ಆಮೇಲೆ ನೋಡಿ, ಯಾರೂ ಹೇಳದೆ ಖಾಲಿ ಜಾಗ ಹುಡುಕೋಕೆ ಶುರು ಮಾಡ್ತಾರೆ.

ಹಳೇ ಸೆಂಟರ್:
ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಯೂನಿವರ್ಸಿಟಿ ಮಟ್ಟದಲ್ಲಿ ಆಡಿದವನು. ಹೊಸ ಮಕ್ಕಳಿಗೆ ನಿಲ್ಲೋ ಜಾಗ ಹೇಳಿಕೊಡದೆ ಬಿಟ್ಟರೆ ಐದೂ ಜನ ಬಾಲ್ ಹಿಂದೆ ಓಡ್ತಾರೆ, ಅದನ್ನು ಆಟ ಅನ್ನೋಕಾಗಲ್ಲ. ಜಾನ್ ವುಡನ್ ಹೆಸರು ಕೇಳಿರಬೇಕು ನೀವು. 1964ರಿಂದ 1975ರವರೆಗೆ ಹನ್ನೆರಡು ವರ್ಷದಲ್ಲಿ ಯುಸಿಎಲ್ಎ ಕಾಲೇಜಿಗೆ ಹತ್ತು ಸಲ ಅಮೆರಿಕದ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್ ಗೆದ್ದುಕೊಟ್ಟವರು. ಇವತ್ತಿಗೂ ಯುಸಿಎಲ್ಎ ಕಟ್ ಅಂತ ಅವರ ಕಾಲೇಜಿನ ಹೆಸರಲ್ಲೇ ಕಲಿಸುತ್ತಾರೆ. ವಿಂಗ್‌ಗೆ (ಕೋರ್ಟಿನ ಪಕ್ಕದಲ್ಲಿ ನಿಂತವಳಿಗೆ) ಪಾಸ್ ಕೊಡೋದು, ಹೈಪೋಸ್ಟ್‌ನಲ್ಲಿ (ಫ್ರೀ ಥ್ರೋ ಗೆರೆ ಹತ್ತಿರ) ನಿಂತವಳ ಪಕ್ಕದಿಂದ ಉಜ್ಜಿಕೊಂಡು ರಿಂಗ್‌ಗೆ ಓಡೋದು, ಅಷ್ಟೇ. ಅದೂ ಸೆಟ್ ಪ್ಲೇನೇ, ಮಕ್ಕಳಿಗೆ ಖಂಡಿತ ಬರುತ್ತದೆ. ದಿನಾ ಅದನ್ನೇ ಮಾಡಿಸಿ, ಕೈಕಾಲಿಗೆ ರೂಢಿ ಆಗಬೇಕು.

ಕುವೆಂಪುನಗರ ಬೆಳಗಿನ ಬ್ಯಾಚ್:
@ಹಳೇ ಸೆಂಟರ್ ಅಣ್ಣ, ವುಡನ್ ಹತ್ತಿರ ಬಂದವರು ಆಗಲೇ ದೇಶದ ಅತ್ಯುತ್ತಮ ಹೈಸ್ಕೂಲ್ ಆಟಗಾರರು. ಹಾಗಿದ್ದೂ ಅವರು ಸೀಸನ್ನಿನ ಮೊದಲ ದಿನ ಕಲಿಸುತ್ತಿದ್ದದ್ದು ಏನು ಗೊತ್ತಾ? ಸಾಕ್ಸ್ ಹಾಕೋದು. ಹಿಮ್ಮಡಿ, ಬೆರಳ ಸಂದಿಯಲ್ಲಿ ಸುಕ್ಕು ಇರಬಾರದು, ಇದ್ದರೆ ಬೊಬ್ಬೆ ಬರುತ್ತದೆ ಅಂತ. ನಮ್ಮ ಸಿಮೆಂಟ್ ಕೋರ್ಟಿನಲ್ಲಿ ಕ್ಯಾನ್ವಾಸ್ ಶೂ ಹಾಕಿ ಓಡೋ ಮಕ್ಕಳಿಗೆ ಅದು ಇನ್ನೂ ಜಾಸ್ತಿ ಬೇಕು. ಮೇಷ್ಟ್ರೇ, ಇದನ್ನು ನಾಳೆಯೇ ಮಾಡಿ, ದುಡ್ಡು ಖರ್ಚಿಲ್ಲ.

ಇನ್ನು ರೂಢಿಯ ವಿಷಯ. 1979ರಲ್ಲಿ ಶೇ ಮತ್ತು ಮಾರ್ಗನ್ ಅನ್ನೋ ಸಂಶೋಧಕರು ಕೈ ಚಲನೆಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದೇ ಚಲನೆಯನ್ನು ಸತತವಾಗಿ ಮಾಡಿ ಆಮೇಲೆ ಮುಂದಿನದಕ್ಕೆ ಹೋದವರು ಅಭ್ಯಾಸದ ಹೊತ್ತಿನಲ್ಲಿ ಚುರುಕಾಗಿ ಕಂಡರು. ಬೆರೆಸಿ ಬೆರೆಸಿ ಮಾಡಿದವರು ಆಗ ತಡವರಿಸಿದರು. ಆದರೆ ದಿನ ಕಳೆದ ಮೇಲೆ ಪರೀಕ್ಷೆ ಮಾಡಿದಾಗ ಬೆರೆಸಿ ಮಾಡಿದವರಿಗೇ ಚೆನ್ನಾಗಿ ನೆನಪಿತ್ತು. ನಮ್ಮ ಕಡೆ ಸಾಲಲ್ಲಿ ನಿಲ್ಲಿಸಿ ಒಂದೇ ಲೇಅಪ್ ಅರ್ಧ ಗಂಟೆ ಮಾಡಿಸ್ತೀವಿ, ನೋಡೋಕೆ ಶಿಸ್ತಾಗಿರುತ್ತದೆ, ಪಂದ್ಯದಲ್ಲಿ ಎದುರಿಗೆ ಒಬ್ಬಳು ಕೈ ಎತ್ತಿ ನಿಂತ ತಕ್ಷಣ ಎಲ್ಲಾ ಮರೆತುಹೋಗುತ್ತದೆ.

ಹಳೇ ಸೆಂಟರ್:
ಅದು ಲ್ಯಾಬಿನಲ್ಲಿ ದೊಡ್ಡವರ ಮೇಲೆ ಮಾಡಿದ್ದು, ಬ್ಯಾಸ್ಕೆಟ್‌ಬಾಲ್ ಅಲ್ಲ. ಲೇಅಪ್ ಹೆಜ್ಜೆಯೇ ಬಾರದವಳನ್ನು ಆಟಕ್ಕೆ ಬಿಟ್ಟರೆ ತಪ್ಪು ಹೆಜ್ಜೆಯೇ ಗಟ್ಟಿಯಾಗುತ್ತದೆ. ಬಲಗೈ ಲೇಅಪ್ ಅಂದರೆ ಬಲಗಾಲು, ಎಡಗಾಲು, ಎಡಗಾಲಿಂದ ನೆಗೆತ, ಬಲ ಮಂಡಿ ಮೇಲೆ. ಇದನ್ನು ಮೊದಲು ಬಾಲ್ ಇಲ್ಲದೆ ನಡೆಸಿ, ಆಮೇಲೆ ನಿಂತವಳ ಕೈಯಿಂದ ಬಾಲ್ ಕಿತ್ತುಕೊಂಡು ಮಾಡಿಸಿ, ಡ್ರಿಬಲ್ ಕೊನೆಗೆ. ಬೋರ್ಡಿನ ಚೌಕದ ಮೇಲಿನ ಮೂಲೆಗೆ ಬಾಲ್ ತಾಗಬೇಕು. ಜೊತೆಗೆ ಮೈಕನ್ ಡ್ರಿಲ್, ರಿಂಗ್ ಕೆಳಗೇ ನಿಂತು ಬಲಗಡೆ ಬಲಗೈ, ಎಡಗಡೆ ಎಡಗೈ, ಬಾಲ್ ಕೆಳಗೆ ಬೀಳಬಾರದು, ಬಾಲ್ ಯಾವಾಗಲೂ ಗದ್ದದಿಂದ ಮೇಲೆ. ಅಮೆರಿಕದ ಆಟಗಾರ ಜಾರ್ಜ್ ಮೈಕನ್ ಆಡಿದ್ದು ಎಷ್ಟು ಹಳೇ ಕಾಲದಲ್ಲಿ! ಅವರ ಹೆಸರಿನ ಡ್ರಿಲ್ ಇವತ್ತಿಗೂ ಇದೆ ಅಂದರೆ ಸುಮ್ನೆ ಅಲ್ಲ.

ಕುವೆಂಪುನಗರ ಬೆಳಗಿನ ಬ್ಯಾಚ್:
ಹೆಜ್ಜೆ ಕಲಿಸೋದಕ್ಕೆ ನನ್ನ ತಕರಾರಿಲ್ಲ ಅಣ್ಣ. ಹತ್ತು ನಿಮಿಷ ಕಲಿಸಿ, ತಕ್ಷಣ ಹಿಂದಿನಿಂದ ಒಬ್ಬಳು ಅಟ್ಟಿಸಿಕೊಂಡು ಬರೋ ಹಾಗೆ ಮಾಡಿ. ನನ್ನ ಜಗಳ ಸಾಲಿನ ಜೊತೆ. ಇಪ್ಪತ್ತು ಮಕ್ಕಳು ಒಂದು ರಿಂಗ್‌ಗೆ ಸಾಲು ನಿಂತರೆ ಒಬ್ಬಳು ಮಾಡ್ತಾಳೆ, ಹತ್ತೊಂಬತ್ತು ಜನ ಮಾತಾಡ್ತಾರೆ.

ವಿಸಿಲ್ ಮೇಡಂ:
ನಾನು ಮೈಸೂರು, ಮಂಡ್ಯ ಕಡೆ ಮಕ್ಕಳ ಪಂದ್ಯಗಳಿಗೆ ರೆಫ್ರಿಯಾಗಿ ಹೋಗುತ್ತೇನೆ. ಈ ವಯಸ್ಸಿನ ತಂಡಗಳು ಎಲ್ಲಿ ಸೋಲ್ತಾವೆ ಅಂತ ಹತ್ತಿರದಿಂದ ನೋಡಿದ್ದೇನೆ. ಟ್ರಾವೆಲಿಂಗ್‌ನಲ್ಲಿ (ಡ್ರಿಬಲ್ ಮಾಡದೆ ಬಾಲ್ ಹಿಡಿದು ಹೆಚ್ಚು ಹೆಜ್ಜೆ ಇಡೋದು), ಮತ್ತೆ ಥ್ರೋ-ಇನ್‌ನಲ್ಲಿ. ಬೇಸ್‌ಲೈನ್ (ರಿಂಗ್ ಹಿಂದಿನ ಗೆರೆ) ಹೊರಗಿಂದ ಬಾಲ್ ಒಳಗೆ ಕೊಡೋಕೆ 5 ಸೆಕೆಂಡ್ ಇದೆ. ನಾಲ್ಕು ಜನ ಒಟ್ಟಿಗೆ "ನಂಗೆ, ನಂಗೆ" ಅಂತ ಕೂಗ್ತಾರೆ, ನಾನು ಕೈ ಬೀಸಿ ಎಣಿಸ್ತಾ ಇರ್ತೀನಿ, ಆ ಮಗು ನನ್ನ ಕೈಯನ್ನೇ ನೋಡ್ತಾ ನಿಂತುಬಿಡುತ್ತದೆ. ಇನ್ನೊಂದು, ಬಾಸ್ಕೆಟ್ ಆದ ಮೇಲೆ ಮಾತ್ರ ಬೇಸ್‌ಲೈನ್ ಉದ್ದಕ್ಕೂ ಓಡಾಡಬಹುದು. ಉಳಿದ ಹೊತ್ತಲ್ಲಿ ಪಕ್ಕಕ್ಕೆ ಒಟ್ಟು 1 ಮೀಟರ್ ಅಷ್ಟೇ. ಇದು ಎಷ್ಟೋ ಮಕ್ಕಳಿಗೆ ಗೊತ್ತೇ ಇರಲ್ಲ.

ಆದ್ದರಿಂದ ಮೇಷ್ಟ್ರೇ, ಸೆಟ್ ಪ್ಲೇ ಕಲಿಸೋದಾದರೆ ಅದೊಂದಕ್ಕೆ ಕಲಿಸಿ. ಬಾಕ್ಸ್ ಸಾಕು. ಇಬ್ಬರು ರಿಂಗ್ ಪಕ್ಕದ ಬ್ಲಾಕ್‌ಗಳಲ್ಲಿ, ಇಬ್ಬರು ಮೇಲೆ ಎಲ್ಬೋಗಳಲ್ಲಿ. ಹೊರಗಿರೋಳು ಬಾಲ್ ಮೇಲೆ ತಟ್ಟಿದ ತಕ್ಷಣ, ಬಾಲ್ ಕಡೆಯ ಬ್ಲಾಕ್‌ನಲ್ಲಿರೋಳು ಕರ್ಣದಲ್ಲಿ ಹೋಗಿ ದೂರದ ಎಲ್ಬೋನಲ್ಲಿರೋಳಿಗೆ ಸ್ಕ್ರೀನ್ ಹಾಕ್ತಾಳೆ, ಆ ಎಲ್ಬೋದವಳು ರಿಂಗ್ ಕಡೆ ಓಡ್ತಾಳೆ. ಬಾಲ್ ಕಡೆಯ ಎಲ್ಬೋ ಮೂಲೆಗೆ ಬರ್ತಾಳೆ. ಇನ್ನೊಂದು ಬ್ಲಾಕ್‌ನಲ್ಲಿರೋಳು ಹಿಂದಕ್ಕೆ ಹೋಗ್ತಾಳೆ, ಎದುರಾಳಿಗೆ ಬಾಲ್ ಸಿಕ್ಕಿದರೆ ತಡೆಯೋಕೆ. ಸ್ಕ್ರೀನ್ ಹಾಕಿದವಳು ಬಾಲ್ ಕಡೆ ತಿರುಗಿದರೆ ಎಷ್ಟೋ ಸಲ ಅವಳೇ ಖಾಲಿ ಇರ್ತಾಳೆ. ಸ್ಕ್ರೀನ್ ಹಾಕುವಾಗ ಎರಡೂ ಕಾಲು ನೆಲದ ಮೇಲಿರಬೇಕು, ಅಲ್ಲಾಡಬಾರದು. ಸೊಂಟ ಒಗೆದರೆ ನಾನು ಫೌಲ್ ಕೊಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ.

ಸರಸ್ವತಿಪುರಂ ಪೋಷಕ:
ನನ್ನ ಮಗಳೂ ಈ ವಯಸ್ಸಿನವಳೇ. ಒಂದು ಕಡೆ ಕೋಚಿಂಗ್‌ಗೆ ಸೇರಿಸಿದ್ದೆ, ಹುಡುಗರ 7ನೇ ನಂಬರ್ ಬಾಲ್‌ನಲ್ಲೇ ಆಡಿಸ್ತಿದ್ದರು. ಭುಜದ ಹಿಂದಿನಿಂದ ಬಾಲ್ ನೂಕೋ ಅಭ್ಯಾಸ ಆಯಿತು, ಈಗ ಬಿಡಿಸೋಕೆ ಒದ್ದಾಡ್ತಿದ್ದೀವಿ. ಮೇಷ್ಟ್ರ ಹತ್ತಿರ ಯಾವ ಬಾಲ್ ಇದೆ?

ವಿಸಿಲ್ ಮೇಡಂ:
ಹುಡುಗಿಯರಿಗೆ 6ನೇ ನಂಬರ್. ತೂಕ 510ರಿಂದ 550 ಗ್ರಾಂ. 7ನೇ ನಂಬರ್ 580ರಿಂದ 620 ಗ್ರಾಂ, ಸುತ್ತಳತೆಯೂ ದೊಡ್ಡದು. ಇನ್ನೂ ಚಿಕ್ಕ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲ್‌ಗೆ 5ನೇ ನಂಬರ್, ರಿಂಗ್ ಎತ್ತರ 3.05 ಮೀಟರ್ ಬದಲು 2.60. ಶಾಲೆಗೆ ಹುಡುಗರ ಬಾಲ್ ಮಾತ್ರ ಬಂದಿದ್ದರೆ ಹೆಡ್‌ಮೇಷ್ಟ್ರ ಹತ್ತಿರ ಕೂತು ಎರಡು 6ನೇ ನಂಬರ್ ಆದರೂ ಬರೆಸಿ.

ಹಳೇ ಸೆಂಟರ್:
ಬಾಕ್ಸ್ ಬಗ್ಗೆ ಮೇಡಂ ಹೇಳಿದ್ದು ಸರಿ. ಇನ್ನು ಡಿಫೆನ್ಸ್‌ಗೆ 2-3 ಜೋನ್ ಹಾಕಿಸಿ, ಅಂದರೆ ಮುಂದೆ ಇಬ್ಬರು, ಹಿಂದೆ ಮೂವರು, ಒಬ್ಬೊಬ್ಬರು ಒಂದೊಂದು ಜಾಗ ಕಾಯೋದು. ಜಿಲ್ಲಾ ಮಟ್ಟದಲ್ಲಿ ಹೊರಗಿಂದ ಶಾಟ್ ಹಾಕೋರು ಇಲ್ಲ ಅಂತ ಕುವೆಂಪುನಗರದವರೇ ಹೇಳಿದ್ರಲ್ಲ. ಗೆಲ್ಲೋಕೆ ಅದೇ ದಾರಿ.

ಕುವೆಂಪುನಗರ ಬೆಳಗಿನ ಬ್ಯಾಚ್:
ಗೆಲ್ಲಬಹುದು ಅಣ್ಣ, ಆದರೆ ಮಕ್ಕಳು ಕಲಿಯೋದೇನು? ಐದು ಜನ ಕೈ ಎತ್ತಿ ನಿಂತರೆ ಆಯ್ತು. ಜಪಾನಿನಲ್ಲಿ 15 ವರ್ಷದೊಳಗಿನವರಿಗೆ ಜೋನ್ ಆಡೋಕೇ ಬಿಡಲ್ಲ, ಒಬ್ಬರಿಗೆ ಒಬ್ಬರು ಅಂತಲೇ ಆಡಬೇಕು. ಈ ವಿಷಯದಲ್ಲಿ ನಾನು ಅವರ ಕಡೆ. ಶೆಲ್ ಡ್ರಿಲ್ ಮಾಡಿಸಿ ಮೇಷ್ಟ್ರೇ. ನಾಲ್ಕು ಜನ ಹೊರಗೆ ಪಾಸ್ ಮಾಡ್ತಾ ಇರ್ತಾರೆ, ನಾಲ್ಕು ಜನ ಕಾಯ್ತಾರೆ. ಬಾಲ್ ಹತ್ತಿರ ಇರೋಳು ಮೈಗೆ ಅಂಟಿಕೊಂಡು, ಒಂದು ಪಾಸ್ ದೂರದವಳು ಪಾಸ್ ತಡೆಯೋ ಹಾಗೆ ಕೈ ಚಾಚಿ, ಎರಡು ಪಾಸ್ ದೂರದವಳು ಪೇಂಟ್‌ನಲ್ಲಿ ಒಂದು ಕಾಲಿಟ್ಟು. ಬಾಲ್ ಗಾಳಿಯಲ್ಲಿರುವಾಗಲೇ ಎಲ್ಲರೂ ಜಾಗ ಬದಲಿಸಬೇಕು, ಕೈಗೆ ಬಂದ ಮೇಲಲ್ಲ. ಇದು ಬಂದವಳಿಗೆ ನಾಳೆ ಜೋನ್ ಕಲಿಸೋದು ಒಂದು ವಾರದ ಕೆಲಸ. ತಿರುಗಾ ಮುರುಗಾ ಮಾಡಿದರೆ ಆಗಲ್ಲ.

ಹಳೇ ಸೆಂಟರ್:
ಮೊದಲ ಪಂದ್ಯದಲ್ಲೇ ನಲವತ್ತು ಪಾಯಿಂಟಿನಿಂದ ಸೋತ ಮಕ್ಕಳು ಮುಂದಿನ ವರ್ಷ ಬರಲ್ಲ. ಅದನ್ನೂ ಯೋಚಿಸಿ. ಹಳ್ಳಿ ಕಡೆ ಒಬ್ಬ ಹುಡುಗಿಯನ್ನು ಸಂಜೆ ಆಟಕ್ಕೆ ಬಿಡೋಕೆ ಮನೆಯವರನ್ನು ಒಪ್ಪಿಸೋದು ಸಣ್ಣ ಕೆಲಸ ಅಲ್ಲ. ಒಂದೆರಡು ಪಂದ್ಯ ಗೆದ್ದರೆ ಮನೆಯಲ್ಲಿ ಮಾತು ಬದಲಾಗುತ್ತದೆ.

ಮಂಡ್ಯ ಪಿಟಿ ಮೇಷ್ಟ್ರು:
ಹಳೇ ಸೆಂಟರ್ ಹೇಳಿದ ಈ ಮಾತು ನೂರಕ್ಕೆ ನೂರು ನಿಜ. ಹೋದ ವರ್ಷ ಒಳ್ಳೆ ಎತ್ತರ ಇದ್ದ ಹುಡುಗಿಯನ್ನು ಮನೆಯವರು ಬಿಡಿಸಿಬಿಟ್ಟರು.

ಫಿಸಿಯೋ ವಿದ್ಯಾರ್ಥಿನಿ:
ನಡುವೆ ಬಾಯಿ ಹಾಕ್ತೀನಿ. ವಾರ್ಮಪ್ ಬಗ್ಗೆ ಯಾರೂ ಮಾತಾಡಿಲ್ಲ. ನೆಗೆದು ಇಳಿಯೋ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿಯೋದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ, ಅದೂ ಮೈ ಬೆಳೆಯೋ ಈ ವಯಸ್ಸಿನಿಂದಲೇ ಅಪಾಯ ಏರುತ್ತದೆ. ಕೋರ್ಟ್ ಸುತ್ತ ಎರಡು ಸುತ್ತು ಓಡಿಸಿದರೆ ಸಾಲದು. ಇಳಿಯೋದನ್ನು ಕಲಿಸಿ. ಎರಡೂ ಕಾಲಿನ ಮೇಲೆ ಮೆತ್ತಗೆ, ಸದ್ದಾಗದ ಹಾಗೆ, ಮಂಡಿ ಬಾಗಿರಬೇಕು, ಒಳಕ್ಕೆ ಒಂದಕ್ಕೊಂದು ವಾಲಬಾರದು, ಪಾದದ ನೇರಕ್ಕೇ ಇರಬೇಕು. ಫೋನಿನಲ್ಲಿ ಎದುರಿನಿಂದ ವಿಡಿಯೋ ತೆಗೆದು ಅವರಿಗೇ ತೋರಿಸಿ. ಒಂಟಿ ಕಾಲಿನ ಸಮತೋಲನ, ಓಡಿ ಬಂದು ತಟ್ಟನೆ ನಿಲ್ಲೋದು, ಇವನ್ನೂ ಸೇರಿಸಿ ಹತ್ತು ನಿಮಿಷ ಸಾಕು. ಇದನ್ನು ಬಿಟ್ಟು ಬೇರೆ ಏನು ಬೇಕಾದರೂ ಕಡಿಮೆ ಮಾಡಿ.

ಸರಸ್ವತಿಪುರಂ ಪೋಷಕ:
ಕೋಚ್‌ಗಳಿಗೆ ಇದನ್ನೆಲ್ಲಾ ಯಾರು ಕಲಿಸ್ತಾರೆ? ಶಿಬಿರದಲ್ಲಿ ಜೆರಾಕ್ಸ್ ಕೊಟ್ಟು ಕಳಿಸಿದರೆ ಮುಗೀತಾ?

ಕುವೆಂಪುನಗರ ಬೆಳಗಿನ ಬ್ಯಾಚ್:
ಪಟಿಯಾಲದ ಎನ್ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) 1961ರಿಂದ ಇದೆ, ಅದರ ಡಿಪ್ಲೊಮಾಗೆ ಬೆಲೆ ಇದೆ. ಆದರೆ ಶಾಲೆ ಬಿಟ್ಟು ಒಂದು ವರ್ಷ ಹೋಗೋದು ಮೇಷ್ಟ್ರಂಥವರಿಗೆ ಎಲ್ಲಾಗುತ್ತದೆ? ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಕೋಚ್‌ಗಳ ಸಂಘ ಡಬ್ಲ್ಯುಎಬಿಸಿ ಹಂತ ಹಂತವಾಗಿ ಕೈಪಿಡಿ ಮಾಡಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ, ಮೊದಲ ಹಂತದ್ದು ನಮಗೆ ಬೇಕಾದಷ್ಟು. ಇಂಗ್ಲಿಷಿನಲ್ಲಿದೆ ಅನ್ನೋದೇ ತೊಡಕು. ಆದರೆ ನನ್ನ ಪ್ರಕಾರ ಕೋಚ್ ಬೆಳೆಯೋದು ಇನ್ನೊಬ್ಬ ಕೋಚ್ ಪಕ್ಕದಲ್ಲಿ ನಿಂತು ನೋಡಿದಾಗ. ಮೇಷ್ಟ್ರೇ, ಒಂದು ದಿನ ಗೆಳೆಯರೊಬ್ಬರನ್ನು ಕರೆದು ಕೂರಿಸಿ. ಅವರು ಒಬ್ಬಳೇ ಹುಡುಗಿಯನ್ನು ಒಂದೂವರೆ ಗಂಟೆ ನೋಡಲಿ, ಅವಳು ಎಷ್ಟು ಸಲ ಬಾಲ್ ಮುಟ್ಟಿದಳು, ಎಷ್ಟು ಹೊತ್ತು ಸುಮ್ನೆ ನಿಂತಿದ್ದಳು ಅಂತ ಬರೆಯಲಿ. ಚೆನ್ನಾಗಿ ಆಡೋಳನ್ನು ಬೇಡ, ಸಾಲಿನ ಕೊನೆಯಲ್ಲಿರೋಳನ್ನು. ಆ ಚೀಟಿ ನೋಡಿದರೆ ನಾಳೆ ಏನು ಬದಲಿಸಬೇಕು ಅಂತ ತಾನೇ ಗೊತ್ತಾಗುತ್ತದೆ.

ಮಂಡ್ಯ ಪಿಟಿ ಮೇಷ್ಟ್ರು:
ಎಲ್ಲರಿಗೂ ಧನ್ಯವಾದ. ಹೀಗೆ ಮಾಡೋಣ ಅಂತಿದ್ದೇನೆ. ಇಳಿಯೋ ಅಭ್ಯಾಸ ಮೊದಲು, ಆಮೇಲೆ ಲೇಅಪ್ ಹೆಜ್ಜೆ ಸ್ವಲ್ಪ ಹೊತ್ತು, ಶೆಲ್, ಉಳಿದದ್ದೆಲ್ಲಾ ಮೂರು-ಮೂರು ಜನರ ಆಟ. ಬೇಸ್‌ಲೈನ್‌ಗೆ ಬಾಕ್ಸ್ ಒಂದೇ ಸೆಟ್. ಜೋನ್ ಬಗ್ಗೆ ಇನ್ನೂ ಮನಸ್ಸು ಗಟ್ಟಿ ಮಾಡಿಲ್ಲ.

ಹಳೇ ಸೆಂಟರ್:
ಆ ಯುಸಿಎಲ್ಎ ಕಟ್ ಒಂದನ್ನು ಮಾತ್ರ ಬಿಡಬೇಡಿ. ಮೂರು ಜನರ ಆಟದೊಳಗೇ ತೂರಿಸಬಹುದು, ಒಬ್ಬಳನ್ನು ಹೈಪೋಸ್ಟ್‌ನಲ್ಲಿ ನಿಲ್ಲಿಸಿದರೆ ಆಯ್ತು. ಜೋನ್ ವಿಷಯದಲ್ಲಿ ನನ್ನ ಮಾತು ಹಾಗೇ ಇದೆ.

ಕುವೆಂಪುನಗರ ಬೆಳಗಿನ ಬ್ಯಾಚ್:
ಕಟ್ ಓಕೆ ಅಣ್ಣ, ಅದು ಆಟದೊಳಗೇ ಬರೋದಾದರೆ ನನಗೂ ಖುಷಿ. ಜೋನ್‌ಗೆ ನಾನೂ ಹಾಗೇ.

ವಿಸಿಲ್ ಮೇಡಂ:
ಮೇಷ್ಟ್ರೇ, ಶನಿವಾರ ಮಂಡ್ಯ ಕಡೆ ಬರುತ್ತಿದ್ದೇನೆ, ವಿಸಿಲ್ ತರುತ್ತೇನೆ. ಥ್ರೋ-ಇನ್ 5 ಸೆಕೆಂಡ್ ಎಣಿಸಿ ಆಡಿಸೋಣ. ತಂಡದಲ್ಲಿ ಜಾಗ ಸಿಗದ ಇಬ್ಬರಿಗೆ ಸ್ಕೋರ್‌ಶೀಟ್ ತುಂಬೋದು ಕಲಿಸುತ್ತೇನೆ, ಟೇಬಲ್ ಕೆಲಸಕ್ಕೆ ಜನ ಯಾವಾಗಲೂ ಕಡಿಮೆ. ನೀವು ಬರೀ ಎರಡು ಪೆನ್ನು ಇಟ್ಟಿರಿ, ಒಂದು ನೀಲಿ ಒಂದು ಕೆಂಪು.