ಪದಚರ್ಚೆ: ‘ವೆಹಿಕಲ್ ಕರೆನ್ಸಿ’, ‘ಡಾಮಿನೆಂಟ್ ಕರೆನ್ಸಿ’ಗೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

ಸು.ಮ. ಬರೆದದ್ದು:

ಎಲ್ಲರಿಗೂ ನಮಸ್ಕಾರ. ವಿಶ್ವ ವ್ಯಾಪಾರದಲ್ಲಿ ಪೌಂಡಿನ ಜಾಗಕ್ಕೆ ಡಾಲರ್ ಬಂದದ್ದು ಹೇಗೆ ಎಂಬ ಬಗ್ಗೆ ಆರು ಪ್ರದರ್ಶನ ಫಲಕಗಳು ಸೋಮವಾರ ಅಚ್ಚಿಗೆ ಹೋಗಬೇಕು. ಓದುವವರು ಪಿಯುಸಿ, ಪದವಿ ವಿದ್ಯಾರ್ಥಿಗಳು. ಅಡಿಟಿಪ್ಪಣಿಗೆ ಜಾಗವಿಲ್ಲ. ಸಿಕ್ಕಿಕೊಂಡಿರುವ ಪದಗಳು: ರಿಸರ್ವ್ ಕರೆನ್ಸಿ, ಇನ್‌ವಾಯ್ಸಿಂಗ್ ಕರೆನ್ಸಿ, ಸೆಟಲ್‌ಮೆಂಟ್ ಕರೆನ್ಸಿ, ವೆಹಿಕಲ್ ಕರೆನ್ಸಿ, ಡಾಮಿನೆಂಟ್ ಕರೆನ್ಸಿ. ಜೊತೆಗೆ ಬಿಲ್ ಆಫ್ ಎಕ್ಸ್‌ಚೇಂಜ್ ಮತ್ತು ಅಕ್ಸೆಪ್ಟೆನ್ಸ್.

ನಮಗೆ ಬಂದಿರುವ ಕರಡಿನಲ್ಲಿ ವೆಹಿಕಲ್ ಕರೆನ್ಸಿ ‘ವಾಹನ ಚಲಾವಣೆ’ ಆಗಿದೆ. ಆರ್‌ಟಿಒ ಕಚೇರಿಯ ಬೋರ್ಡಿನಂತಿದೆ. ಡಾಮಿನೆಂಟ್‌ಗೆ ‘ಪ್ರಬಲ ಕರೆನ್ಸಿ’ ಸಾಕೆ?

ಕೆ.ವಿ. ಬರೆದದ್ದು:

> ‘ಪ್ರಬಲ ಕರೆನ್ಸಿ’ ಸಾಕೆ?

ಸಾಲದು ಅಷ್ಟೇ ಅಲ್ಲ, ತಪ್ಪು. ವಾಣಿಜ್ಯ ಪುಟದಲ್ಲಿ ‘ರೂಪಾಯಿ ಪ್ರಬಲ’ ಎಂದರೆ ಅದರ ಬೆಲೆ ಏರಿದೆ ಎಂದು. ಫಲಕ ಹೇಳಬೇಕಾದದ್ದು ಬಳಕೆಯ ಮಾತು. ಕುವೈತಿನ ಒಂದು ದಿನಾರಿಗೆ ಮೂರು ಡಾಲರಿಗೂ ಹೆಚ್ಚು ಸಿಗುತ್ತದೆ; ಹಾಗೆಂದು ಬ್ರೆಜಿಲ್‌ನವರು ಚೀನಾಕ್ಕೆ ಸೋಯಾ ಮಾರುವಾಗ ದಿನಾರಿನಲ್ಲಿ ಬೆಲೆ ಹೇಳುವುದಿಲ್ಲ. ಇತ್ತ ಡಾಲರನ್ನು ನೋಡಿ: 1971ರ ಆಗಸ್ಟ್ 15ರಂದು ಚಿನ್ನದ ನಂಟು ಕಡಿಯಿತು, ಔನ್ಸು ಚಿನ್ನಕ್ಕೆ 35 ಡಾಲರ್ ಇದ್ದ ಅಧಿಕೃತ ದರ ಅದೇ ಡಿಸೆಂಬರಿನಲ್ಲಿ 38, 1973ರ ಫೆಬ್ರವರಿಯಲ್ಲಿ 42.22 ಆಯಿತು. ಬೆಲೆ ಬಿತ್ತು, ಪಾರುಪತ್ಯ ಹೋಗಲಿಲ್ಲ. ‘ಪ್ರಧಾನ ಕರೆನ್ಸಿ’ ಎನ್ನಿ.

ಉಳಿದ ನಾಲ್ಕನ್ನು ಕಲಸಿದರೆ ಫಲಕವೇ ಕೆಡುತ್ತದೆ. ಕುಶಾಲನಗರದ ರಫ್ತುದಾರ ಇಟಲಿಯವನಿಗೆ ಕಾಫಿ ಮಾರುತ್ತಾನೆ ಎನ್ನಿ. ಅರೇಬಿಕಾ ದರ ನ್ಯೂಯಾರ್ಕ್ ವಾಯಿದೆ ಪೇಟೆಯಲ್ಲಿ ಪೌಂಡು ತೂಕಕ್ಕೆ ಇಷ್ಟು ಅಮೆರಿಕನ್ ಸೆಂಟ್ ಎಂದು ನಿಗದಿಯಾಗುತ್ತದೆ. ರೊಬಸ್ಟಾ ದರ ಲಂಡನ್ ಪೇಟೆಯದಾದರೂ ಟನ್ನಿಗೆ ಇಷ್ಟು ಡಾಲರ್ ಎಂದೇ. ಹಾಗಾಗಿ ಕರಾರೂ ಡಾಲರ್, ಬಿಲ್ಲೂ ಡಾಲರ್, ಇಬ್ಬರಲ್ಲಿ ಒಬ್ಬನೂ ಅಮೆರಿಕದವನಲ್ಲ. ಇದು ಇನ್‌ವಾಯ್ಸಿಂಗ್.

ಹಣ ಯಾವುದರಲ್ಲಿ ಕೈ ಸೇರುತ್ತದೋ ಅದು ಸೆಟಲ್‌ಮೆಂಟ್. ಹೆಚ್ಚಾಗಿ ಎರಡೂ ಒಂದೇ ಇರುತ್ತವೆ, ಇರಲೇಬೇಕೆಂದಿಲ್ಲ. ರಷ್ಯಾದ ತೈಲಕ್ಕೆ ಡಾಲರಿನಲ್ಲಿ ಬೆಲೆ ಕಟ್ಟಿ ಯುಎಇಯ ದಿರ್ಹಮ್‌ನಲ್ಲಿ ಪಾವತಿ ಮಾಡಿದ್ದುಂಟು.

ವೆಹಿಕಲ್ ಎಂದರೆ ನಡುವೆ ಬಂದು ಹೋಗುವುದು. ರೂಪಾಯಿ ಕೊಟ್ಟು ಮೆಕ್ಸಿಕೊದ ಪೆಸೊ ಬೇಕೆಂದರೆ ಬ್ಯಾಂಕು ರೂಪಾಯಿಗೆ ಡಾಲರ್ ಕೊಳ್ಳುತ್ತದೆ, ಆ ಡಾಲರಿಗೆ ಪೆಸೊ ಕೊಳ್ಳುತ್ತದೆ. ಎರಡು ವಹಿವಾಟಾದರೂ ಇದೇ ಅಗ್ಗ. 20 ಕರೆನ್ಸಿಗಳಿದ್ದರೆ ನೇರ ಜೋಡಿಗಳು 190. ಒಂದನ್ನು ನಡುವೆ ಇಟ್ಟುಕೊಂಡರೆ 19 ಪೇಟೆ ಸಾಕು. ಆ 19ರಲ್ಲಿ ಕೊಳ್ಳುವವರೂ ಮಾರುವವರೂ ಸದಾ ಇರುತ್ತಾರೆ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ತಗ್ಗುತ್ತದೆ, ತಗ್ಗಿದ್ದಕ್ಕೇ ಇನ್ನಷ್ಟು ಜನ ಅಲ್ಲಿಗೆ ಬರುತ್ತಾರೆ. 2022ರ ಲೆಕ್ಕದಂತೆ ವಿದೇಶಿ ವಿನಿಮಯ ವಹಿವಾಟಿನ ಶೇ. 88ರಲ್ಲಿ ಒಂದು ಬದಿ ಡಾಲರ್.

ರಿಸರ್ವ್ ಎಂದರೆ ಕೇಂದ್ರ ಬ್ಯಾಂಕುಗಳು ಕೂಡಿಟ್ಟದ್ದು. ಅದರಲ್ಲಿ ಡಾಲರಿನ ಪಾಲು 1999ರಲ್ಲಿ ಸುಮಾರು ಶೇ. 71 ಇತ್ತು, ಈಗ ಶೇ. 60ಕ್ಕಿಂತ ಕೆಳಗಿದೆ.

ಮೀಸಲು ಕರೆನ್ಸಿ, ಬಿಲ್ ಕರೆನ್ಸಿ, ಪಾವತಿ ಕರೆನ್ಸಿ, ಮಧ್ಯವರ್ತಿ ಕರೆನ್ಸಿ. ಮುಗಿಯಿತು.

ನಿ.ಗೌ. ಬರೆದದ್ದು:

ಮುಗಿಯಲಿಲ್ಲ. ಐದು ಸಲ ‘ಕರೆನ್ಸಿ’ ಎಂದು ಬರೆದು ಕನ್ನಡಕ್ಕೆ ತಂದೆವು ಅನ್ನುವುದು ಯಾವ ಸೀಮೆ ನ್ಯಾಯ? ‘ಹಣ’ ಇದೆಯಲ್ಲ. ಮೀಸಲುಹಣ, ಬಿಲ್ಲುಹಣ, ಸಲ್ಲುಹಣ, ನಡುಹಣ, ಮೇಲ್ಹಣ.

‘ಸಲ್ಲು’ ನಾಣ್ಯಕ್ಕೆ ಒಪ್ಪುವ ಮಾತು. ಬಸವಣ್ಣನವರು ಮರ್ತ್ಯಲೋಕವನ್ನು ಕಮ್ಮಟ (ನಾಣ್ಯ ಅಚ್ಚು ಹಾಕುವ ಜಾಗ) ಎಂದಾಗ ಅಲ್ಲಿ ಬರುವುದು ಇದೇ ಸಲ್ಲು. ಟಂಕಸಾಲೆಯೂ ಬೇಕಿಲ್ಲ, ಚಲಾವಣೆಯೂ ಬೇಕಿಲ್ಲ. ಪಣ ಹಣವಾದದ್ದು ಪಾಲು ಹಾಲಾದ ಹಾಗೆಯೇ, ಬೇರು ನಮ್ಮದೇ.

ಶ್ರೀ.ಹೆ. ಬರೆದದ್ದು:

> ಬೇರು ನಮ್ಮದೇ

ಪಕಾರ ಹಕಾರವಾದದ್ದು ಕನ್ನಡದಲ್ಲಿ. ಅದರಿಂದ ಬೇರು ಕನ್ನಡದ್ದು ಅಂತಾಗುವುದಿಲ್ಲ. ಪಾಣಿನಿಯ ಸೂತ್ರದಲ್ಲೇ ಪಣವಿದೆ. ಎರವಲು ಬಂದ ಪದಕ್ಕೂ ನಮ್ಮ ಧ್ವನಿನಿಯಮ ತಗಲುತ್ತದೆ, ಪರ್ವ ಹಬ್ಬವಾಗಲಿಲ್ಲವೆ?

‘ಕರೆನ್ಸಿ’ ಎಂಬ ಮೂಲಪದಕ್ಕೆ ‘ಚಲಾರ್ಥ’ ಸರಿಯಾದೀತು. ಪ್ರಧಾನ ಚಲಾರ್ಥ, ಮಾಧ್ಯಮ ಚಲಾರ್ಥ. ಭಾರತದ ಇತರ ಭಾಷೆಗಳವರಿಗೂ ಅರ್ಥವಾಗುತ್ತದೆ.

ಕೆ.ವಿ. ಬರೆದದ್ದು:

‘ಚಲಾರ್ಥ’ ನಾಸಿಕದ ನೋಟು ಮುದ್ರಣಾಲಯದ ಹಿಂದಿ ಬೋರ್ಡಿನಲ್ಲಿದೆ. ಅಲ್ಲೇ ಇರಲಿ. ಮೈಸೂರಿನ ಮುದ್ರಣಾಲಯದ ಹೆಸರು ‘ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ’. ಐದು ಪದದಲ್ಲಿ ಮೂರು ಇಂಗ್ಲಿಷಿನವು. ಯಾರಿಗೂ ತೊಡಕಾಗಿಲ್ಲ.

‘ಮೀಸಲುಹಣ’ಕ್ಕೆ ನನ್ನ ಆಕ್ಷೇಪ ಮಡಿಮೈಲಿಗೆಯದಲ್ಲ. ‘ರಿಸರ್ವ್ ಮನಿ’ ಎಂಬ ಬೇರೆಯೇ ಪದವಿದೆ: ಚಲಾವಣೆಯಲ್ಲಿರುವ ನೋಟು, ನಾಣ್ಯ ಮತ್ತು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರುವ ಠೇವಣಿ ಸೇರಿದ ಮೊತ್ತ. ಪೂರ್ತಿ ದೇಶದೊಳಗಿನ ಲೆಕ್ಕ. ವಿದೇಶಿ ಡಾಲರ್ ಸಂಗ್ರಹಕ್ಕೆ ಇದನ್ನು ಅಂಟಿಸಿದರೆ ಅರ್ಥಶಾಸ್ತ್ರದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾನೆ. ಹಣ ಬೇರೆ, ಕರೆನ್ಸಿ ಬೇರೆ.

‘ನಡುಹಣ’ದ ನಡು ಮಾತ್ರ ಚೆನ್ನಾಗಿದೆ. ‘ನಡು ಕರೆನ್ಸಿ’ ಎಂದರೆ ‘ಮಧ್ಯವರ್ತಿ’ಗಿಂತ ಚಿಕ್ಕದು, ದಲ್ಲಾಳಿಯ ವಾಸನೆಯೂ ಇಲ್ಲ.

ಸು.ಮ. ಬರೆದದ್ದು:

‘ನಡು ಕರೆನ್ಸಿ’ ತೆಗೆದುಕೊಂಡೆ. ಬಿಲ್ ಆಫ್ ಎಕ್ಸ್‌ಚೇಂಜ್‌ಗೆ ಕರಡಿನಲ್ಲಿ ‘ಹುಂಡಿ’ ಇದೆ: “1913ರವರೆಗೆ ಅಮೆರಿಕದ ಆಮದುದಾರರೂ ಲಂಡನ್ನಿನ ಹುಂಡಿಯನ್ನೇ ಅವಲಂಬಿಸಿದ್ದರು.” ದೇವಸ್ಥಾನದ ಹುಂಡಿ ಕಣ್ಣಿಗೆ ಬರುತ್ತದೆ. ಅಕ್ಸೆಪ್ಟೆನ್ಸ್ ಹಾಗೇ ಬಿಟ್ಟಿದ್ದಾರೆ.

ವಾ.ಪ. ಬರೆದದ್ದು:

ಹುಂಡಿ ಎನ್ನಬೇಡಿ. ಕಾರಣ ದೇವಸ್ಥಾನವಲ್ಲ, ಕಾನೂನು. ವಿನಿಮಯ ಪತ್ರ, ಚೆಕ್ಕುಗಳಿಗೆ ಸಂಬಂಧಿಸಿದ 1881ರ ಕಾಯ್ದೆ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್) ಹುಂಡಿಯಂಥ ದೇಶೀ ಭಾಷೆಯ ಪತ್ರಗಳ ಸ್ಥಳೀಯ ರೂಢಿಯನ್ನು ಮೊದಲ ಕಲಮಿನಲ್ಲೇ ಹೊರಗಿಟ್ಟಿದೆ. ‘ವಿನಿಮಯ ಪತ್ರ’ ಪಠ್ಯಪುಸ್ತಕದಲ್ಲಿ ನೆಲೆನಿಂತ ಪದ, ಅದೇ ಇರಲಿ.

ಅಕ್ಸೆಪ್ಟೆನ್ಸ್ ಗೊತ್ತಾಗಬೇಕಾದರೆ ವ್ಯವಹಾರ ನಡೆಯುವ ಕ್ರಮ ಗೊತ್ತಿರಬೇಕು. ನ್ಯೂಯಾರ್ಕಿನ ವರ್ತಕ ಬ್ರೆಜಿಲ್‌ನಿಂದ ಕಾಫಿ ತರಿಸುತ್ತಾನೆ. ಅವನ ಹೆಸರು ಸಾಂಟೋಸ್ ಬಂದರಿನಲ್ಲಿ ಯಾರಿಗೂ ಗೊತ್ತಿಲ್ಲ, ಲಂಡನ್ನಿನ ದೊಡ್ಡ ಬ್ಯಾಂಕಿನ ಹೆಸರು ಎಲ್ಲರಿಗೂ ಗೊತ್ತು. ವರ್ತಕ ಆ ಬ್ಯಾಂಕಿನಿಂದ ಪತ್ತು ಗೊತ್ತುಮಾಡಿಕೊಳ್ಳುತ್ತಾನೆ. ಸಾಂಟೋಸ್‌ನ ರಫ್ತುದಾರ ಲಂಡನ್ ಬ್ಯಾಂಕಿನ ಮೇಲೆ, ಪೌಂಡಿನಲ್ಲಿ, ಸಾಮಾನ್ಯವಾಗಿ 90 ದಿನದ ವಾಯಿದೆಗೆ ಪತ್ರ ಬರೆಯುತ್ತಾನೆ. ಊರಿನ ಬ್ಯಾಂಕಿಗೆ ಅದನ್ನು ಮಾರಿ ಹಣ ಪಡೆಯುತ್ತಾನೆ. ಪತ್ರ ಹಡಗಿನ ಕಾಗದಗಳ ಜೊತೆ ಲಂಡನ್ ಸೇರುತ್ತದೆ. ಬ್ಯಾಂಕು ಅದರ ಮುಖದ ಮೇಲೆ ‘ಒಪ್ಪಿದೆ’ ಎಂದು ಬರೆದು ಸಹಿ ಹಾಕುತ್ತದೆ. ಅಕ್ಸೆಪ್ಟೆನ್ಸ್ ಎಂದರೆ ಅದೇ. ಆ ಸಹಿ ಬಿದ್ದ ಕ್ಷಣದಿಂದ ಕಾಫಿ ವರ್ತಕನ ಸಾಲ ಬ್ಯಾಂಕಿನ ಸಾಲವಾಗುತ್ತದೆ, ಹಾಗಾಗಿ ಬಡ್ಡಿ ಮುರಿದುಕೊಂಡು ಯಾರು ಬೇಕಾದರೂ ಕೊಳ್ಳುತ್ತಾರೆ. ವಾಯಿದೆ ಮುಗಿಯುವಷ್ಟರಲ್ಲಿ ನ್ಯೂಯಾರ್ಕಿನವನು ಪೌಂಡು ಹೊಂದಿಸಿ ಲಂಡನ್ನಿಗೆ ಕಟ್ಟಬೇಕು. ಕಮಿಷನ್ ಲಂಡನ್ನಿಗೆ, ದರ ಏರಿಳಿತದ ನಷ್ಟ ಇವನಿಗೆ.

‘ಸ್ವೀಕೃತಿ’ ಎಂದರೆ ರಸೀದಿ ಎಂದುಕೊಳ್ಳುತ್ತಾರೆ. ‘ಬ್ಯಾಂಕ್ ಒಪ್ಪಿದ ಪತ್ರ’ ಎಂದು ಬಿಡಿಸಿ ಬರೆಯಿರಿ.

ಅಮೆರಿಕದ ನ್ಯಾಷನಲ್ ಬ್ಯಾಂಕುಗಳಿಗೆ (ಕೇಂದ್ರ ಸರ್ಕಾರದ ಪರವಾನಗಿ ಪಡೆದ ಖಾಸಗಿ ಬ್ಯಾಂಕುಗಳು) ಹೊರದೇಶದಲ್ಲಿ ಶಾಖೆ ತೆರೆಯಲೂ ಇಂಥ ಪತ್ರಕ್ಕೆ ಸಹಿ ಹಾಕಲೂ ಅಧಿಕಾರವಿರಲಿಲ್ಲ. 1913ರ ಡಿಸೆಂಬರಿನ ಫೆಡರಲ್ ರಿಸರ್ವ್ ಕಾಯ್ದೆ ಎರಡನ್ನೂ ಕೊಟ್ಟಿತು: 10 ಲಕ್ಷ ಡಾಲರ್ ಅಥವಾ ಅದಕ್ಕೂ ಹೆಚ್ಚು ಬಂಡವಾಳವಿದ್ದವರಿಗೆ ಶಾಖೆ, ಆರು ತಿಂಗಳೊಳಗಿನ ವಾಯಿದೆಯ ಪತ್ರಗಳಿಗೆ ಸಹಿ. 1914ರ ನವೆಂಬರಿನಲ್ಲಿ ನ್ಯಾಷನಲ್ ಸಿಟಿ ಬ್ಯಾಂಕ್ ಬ್ಯೂನಸ್ ಐರಿಸ್‌ನಲ್ಲಿ ಶಾಖೆ ತೆರೆಯಿತು. ಕಾಯ್ದೆಯೊಂದೇ ಸಾಲಲಿಲ್ಲ. ಒಪ್ಪಿದ ಪತ್ರಗಳನ್ನು ಕೊಳ್ಳುವ ಪೇಟೆ ನ್ಯೂಯಾರ್ಕಿನಲ್ಲಿ ಇರಲೇ ಇಲ್ಲ. ಬೆಂಜಮಿನ್ ಸ್ಟ್ರಾಂಗ್ ಮುಖ್ಯಸ್ಥರಾಗಿದ್ದ ನ್ಯೂಯಾರ್ಕ್ ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ನ್ಯೂಯಾರ್ಕ್ ಬ್ಯಾಂಕು) ತಾನೇ ಖರೀದಿಗೆ ನಿಂತು ದರವನ್ನು ಲಂಡನ್ನಿನ ಮಟ್ಟಕ್ಕೆ ಎಳೆಯಬೇಕಾಯಿತು. ಫಲಕದಲ್ಲಿ ಈ ಕೊನೆಯ ಹೆಜ್ಜೆ ಬಿಟ್ಟುಹೋದರೆ ಮೊದಲ ಮಹಾಯುದ್ಧವೊಂದರಿಂದಲೇ ಎಲ್ಲ ಆಯಿತು ಅನ್ನಿಸುತ್ತದೆ.

‘ಪಾವತಿ ಕರೆನ್ಸಿ’ಗಿಂತ ‘ಚುಕ್ತಾ ಕರೆನ್ಸಿ’ ಗಟ್ಟಿ. ಪಾವತಿ ಭಾಗಶಃ ಆಗಬಹುದು, ಚುಕ್ತಾ ಎಂದರೆ ಬಾಕಿ ಉಳಿಯಬಾರದು.

ಪ.ಕು. ಬರೆದದ್ದು:

ಕನ್ನಡ–ಇಂಗ್ಲಿಷ್ ಎಂದು ಕಾದಾಡುತ್ತಿದ್ದೀರಿ, ‘ಡಾಲರ್’ ಇಂಗ್ಲಿಷೇ ಅಲ್ಲ. ಬೊಹೀಮಿಯಾದ ಯೋವಾಕಿಮ್ಸ್‌ಥಾಲ್ ಗಣಿಯ ಬೆಳ್ಳಿ ನಾಣ್ಯ ‘ಥಾಲರ್’. ಥಾಲ್ ಎಂದರೆ ಕಣಿವೆ. ಅದು ಡಚ್ಚರ ಬಾಯಲ್ಲಿ ಡಾಲ್ಡರ್ ಆಗಿ ಇಂಗ್ಲಿಷಿಗೆ ಹೋಯಿತು. ಮೂಲಾರ್ಥ ಹಿಡಿದರೆ ‘ಕಣಿವೆಯದು’.

ನಾಣ್ಯದ ಪಾರುಪತ್ಯಕ್ಕೆ ರೂಢಿಯೇ ಆಧಾರ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ: ಮರಿಯಾ ತೆರೇಸಾ 1780ರಲ್ಲಿ ತೀರಿಕೊಂಡ ಮೇಲೂ ಅದೇ ಇಸವಿ ಹಾಕಿ ಅವಳ ಥಾಲರನ್ನು ಅಚ್ಚು ಹಾಕುತ್ತಲೇ ಬಂದರು, ಯಾಕೆಂದರೆ ಇಥಿಯೋಪಿಯಾ, ಯೆಮೆನ್ ಕಡೆಯ ವರ್ತಕರು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ನಮ್ಮಲ್ಲೂ ಹೈದರ್ ಅಲಿ ಇಕ್ಕೇರಿ ವರಹದ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡು ಹಿಂಬದಿಗೆ ತನ್ನ ಹೆಸರಿನ ಅಕ್ಷರವೊಂದನ್ನು ಹಾಕಿಸಿದ. ನನ್ನ ಸಲಹೆ: ಪ್ರಧಾನ ಕರೆನ್ಸಿಗೆ ‘ವರಹ’ವನ್ನೇ ಸಾಮಾನ್ಯ ನಾಮವಾಗಿ ಬಳಸಿ. ‘20ನೇ ಶತಮಾನದ ವರಹ ಡಾಲರ್.’

ನಿ.ಗೌ. ಬರೆದದ್ದು:

‘ವರಾಹ’ ಸಂಸ್ಕೃತ. ಹಂದಿ.

ಕೆ.ವಿ. ಬರೆದದ್ದು:

ಫಲಕ ಹಾಸ್ಯಕ್ಕಲ್ಲ. ಆದರೆ ರೂಢಿಯ ಜೊತೆ ಇನ್ನೊಂದು ಬೇಕು, ಅದನ್ನು ಹೇಳದಿದ್ದರೆ ಆರನೆಯ ಫಲಕ (‘ರೂಪಾಯಿಗೆ ಈ ಸ್ಥಾನ ಬರಬಹುದೆ’ ಎಂಬುದಿರಬೇಕು) ಜಾಹೀರಾತಾಗುತ್ತದೆ. ಹೊರಗಿನವನು ಆ ಕರೆನ್ಸಿಯನ್ನು ಇಟ್ಟುಕೊಂಡರೆ ಅದರಿಂದ ಏನನ್ನಾದರೂ ಕೊಳ್ಳಲು, ಎಲ್ಲಾದರೂ ಹೂಡಲು, ಬೇಕೆಂದಾಗ ಬದಲಿಸಲು ಆಗಬೇಕು.

ರೂಪಾಯಿ ಒಮ್ಮೆ ಕೊಲ್ಲಿಯಲ್ಲಿ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆಗೆ ರೂಪಾಯಿ ಹೊರಹೋಗಿ, ಅದೇ ನೋಟುಗಳು ವಿದೇಶಿ ವಿನಿಮಯ ಕೇಳಿಕೊಂಡು ವಾಪಸು ಬರತೊಡಗಿದ್ದರಿಂದ 1959ರಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಬೇರೆ ಬಣ್ಣದ ನೋಟು ಹೊರಡಿಸಿತು. 1961ರಲ್ಲಿ ಕುವೈತ್ ದಿನಾರಿಗೆ ಹೋಯಿತು, 1965ರಲ್ಲಿ ಬಹರೇನ್. 1966ರ ಜೂನ್‌ನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿದ ಮೇಲೆ ಕತಾರ್, ದುಬೈ ಕೂಡ ಕೈಬಿಟ್ಟವು.

ರಿಸರ್ವ್ ಬ್ಯಾಂಕಿನ 2022ರ ಜುಲೈ 11ರ ಸುತ್ತೋಲೆಯದು ಬೇರೆ ದಾರಿ. ವಿದೇಶಿ ಬ್ಯಾಂಕು ಇಲ್ಲಿನ ಬ್ಯಾಂಕಿನಲ್ಲಿ ರೂಪಾಯಿಯ ವಿಶೇಷ ವಾಸ್ಟ್ರೋ ಖಾತೆ ತೆರೆಯುತ್ತದೆ. ನಮ್ಮ ಆಮದುದಾರ ಅದಕ್ಕೆ ರೂಪಾಯಿ ಕಟ್ಟುತ್ತಾನೆ, ನಮ್ಮ ರಫ್ತುದಾರನಿಗೆ ಅದರಿಂದಲೇ ರೂಪಾಯಿ ಸಿಗುತ್ತದೆ. ಎರಡೂ ಕಡೆಯ ವ್ಯಾಪಾರ ಸರಿಸುಮಾರು ಸಮ ಇದ್ದರೆ ನಡೆಯುತ್ತದೆ. ರಷ್ಯಾದಿಂದ ತೈಲ ಬಂದಷ್ಟು ಇಲ್ಲಿಂದ ಸರಕು ಹೋಗಲಿಲ್ಲ. 2023ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್, ಭಾರತದ ಬ್ಯಾಂಕುಗಳಲ್ಲಿ ಶತಕೋಟಿಗಟ್ಟಲೆ ರೂಪಾಯಿ ಬಿದ್ದಿದೆ, ಬಳಸಬೇಕಾದರೆ ಬೇರೆ ಕರೆನ್ಸಿಗೆ ಬದಲಿಸಬೇಕು ಎಂದು ಬಹಿರಂಗವಾಗಿಯೇ ಹೇಳಿದರು.

ವಾಸ್ಟ್ರೋ ಇಟಾಲಿಯನ್, ‘ನಿಮ್ಮದು’ ಎಂದಷ್ಟೇ ಅರ್ಥ. ಅನುವಾದಿಸಬೇಡಿ. ‘ನಿಮ್ಮ ಖಾತೆ’ ಎಂದು ಬರೆದರೆ ಓದುವವನು ತನ್ನ ಪಾಸ್‌ಬುಕ್ ಹುಡುಕುತ್ತಾನೆ.

ನಿ.ಗೌ. ಬರೆದದ್ದು:

ಇಟಲಿಯವರು ‘ನಿಮ್ಮದು’ ಎಂದರೆ ಶಾಸ್ತ್ರ, ನಾವು ‘ನಿಮ್ಮದು’ ಎಂದರೆ ಪಾಸ್‌ಬುಕ್. ಇದೇ ರೋಗ. ಚುಕ್ತಾವೂ ಬೇಡ, ಮರಾಠಿಯಿಂದ ಬಂದದ್ದು. ‘ತೀರುವಳಿ’ ಇದೆ.

ವಾ.ಪ. ಬರೆದದ್ದು:

ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಖಾತೆ, ರೋಖು: ಇವನ್ನೆಲ್ಲ ಕಳೆದು ಒಂದು ದಿನದ ಲೆಕ್ಕ ಬರೆದು ತೋರಿಸಿ. ಆಮೇಲೆ ಚುಕ್ತಾದ ಮಾತು.

ಸು.ಮ. ಬರೆದದ್ದು:

ದಯವಿಟ್ಟು ಸಾಕು. ಸದ್ಯಕ್ಕೆ ಹೀಗಿದೆ: ಪ್ರಧಾನ ಕರೆನ್ಸಿ, ಮೀಸಲು ಕರೆನ್ಸಿ, ಬಿಲ್ ಕರೆನ್ಸಿ, ಚುಕ್ತಾ ಕರೆನ್ಸಿ, ನಡು ಕರೆನ್ಸಿ, ವಿನಿಮಯ ಪತ್ರ, ಬ್ಯಾಂಕ್ ಒಪ್ಪಿದ ಪತ್ರ. ನಾಲ್ಕನೆಯ ಫಲಕದ ಮೊದಲ ಸಾಲು: “1944ರಲ್ಲಿ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ಡಾಲರನ್ನು ಪ್ರಧಾನ ಕರೆನ್ಸಿಯಾಗಿ ಮಾಡಿದವು.” ಆಕ್ಷೇಪವಿದ್ದರೆ ಇವತ್ತೇ ತಿಳಿಸಿ.

ಕೆ.ವಿ. ಬರೆದದ್ದು:

ಇದೆ. ‘ಮಾಡಿದವು’ ತಪ್ಪು. 1920ರ ದಶಕದ ನಡುವಿಗೇ ಕೇಂದ್ರ ಬ್ಯಾಂಕುಗಳ ಮೀಸಲಿನಲ್ಲಿ ಡಾಲರು ಪೌಂಡನ್ನು ಹಿಂದೆ ಹಾಕಿತ್ತು. ಆರ್ಥಿಕ ಇತಿಹಾಸಕಾರರಾದ ಬ್ಯಾರಿ ಐಕೆನ್‌ಗ್ರೀನ್ ಮತ್ತು ಮಾರ್ಕ್ ಫ್ಲಾಂಡ್ರೊ ದಾಖಲೆ ಕೆದಕಿ ತೋರಿಸಿದ್ದಾರೆ. 1930ರ ದಶಕದ ಕುಸಿತದಲ್ಲಿ ಮತ್ತೆ ಹಿಂದೆ ಬಿತ್ತು. ಸಭೆ ಕೊಟ್ಟದ್ದು ಔನ್ಸಿಗೆ 35ರ ಚಿನ್ನದ ಗಂಟು, ಉಳಿದವರು ತಮ್ಮ ದರವನ್ನು ಡಾಲರಿಗೆ ಕಟ್ಟಿಕೊಳ್ಳುವ ಏರ್ಪಾಟು. ಪೌಂಡು ಆಮೇಲೂ ಸುಲಭಕ್ಕೆ ಜಾಗ ಬಿಡಲಿಲ್ಲ: 1947ರ ಜುಲೈ 15ರಂದು ಅದನ್ನು ಡಾಲರಿಗೆ ಮುಕ್ತವಾಗಿ ಬದಲಿಸಲು ಬಿಟ್ಟರು, ಕೈಯಲ್ಲಿದ್ದ ಡಾಲರ್ ಬರಿದಾಗುತ್ತ ಬಂದು ಆಗಸ್ಟ್ 20ಕ್ಕೆ ನಿಲ್ಲಿಸಿದರು, 1949ರಲ್ಲಿ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿದರು.

ಸಾಲು ಹೀಗಿರಲಿ: “ಆಗಲೇ ಮುಂದೆ ಬಂದಿದ್ದ ಡಾಲರಿಗೆ 1944ರ ಬ್ರೆಟನ್ ವುಡ್ಸ್ ಒಪ್ಪಂದ ಅಧಿಕೃತ ಸ್ಥಾನ ಕೊಟ್ಟಿತು.”

ನಿ.ಗೌ. ಬರೆದದ್ದು:

‘ಚುಕ್ತಾ’ ಇನ್ನೂ ಪಟ್ಟಿಯಲ್ಲಿದೆ. ತೆಗೆಯಿರಿ.

ವಾ.ಪ. ಬರೆದದ್ದು:

ತೆಗೆಯಬೇಡಿ.